ಕಳೆದುಹೋಗಿದ್ದ ಟೆಂಪೆಲ್-1: ಮನೆ ಲ್ಯಾಪ್‌ಟಾಪ್‌ನಲ್ಲಿ ಮತ್ತೆ ಹುಡುಕಿದ ನನ್ನ ಅನುಭವ

ಅಂತೂ ಲೆಕ್ಕ ಕೂಡಿ ಬಂತು. 1867, 1873, 1879ರ ಹಳೆ ವೀಕ್ಷಣೆಗಳನ್ನಷ್ಟೇ ಕೊಟ್ಟು, 1972ರಲ್ಲಿ 9ಪಿ/ಟೆಂಪೆಲ್-1 ಧೂಮಕೇತು ಎಲ್ಲಿರಬೇಕು ಅಂತ ಲೆಕ್ಕ ಹಾಕಿದೆ. ನನ್ನ ಪೆರಿಹೀಲಿಯನ್ ದಿನಕ್ಕೂ (ಅಂದರೆ ಧೂಮಕೇತು ಸೂರ್ಯನಿಗೆ ತೀರ ಹತ್ತಿರ ಬರುವ ದಿನ) ನಿಜವಾದದ್ದಕ್ಕೂ ಎರಡು ದಿನದಷ್ಟು ವ್ಯತ್ಯಾಸ ಬಂತು. ನಡುವೆ ಗುರು ಗ್ರಹ ಮೂರು ಸಲ ಅದನ್ನು ಎಳೆದಾಡಿದೆ. ತೊಂಬತ್ತಕ್ಕೂ ಜಾಸ್ತಿ ವರ್ಷ ಕಳೆದಿದೆ. ಅಷ್ಟಾದ ಮೇಲೂ ಎರಡು ದಿನ ಅಂದರೆ ನನಗೆ ತುಂಬಾ ಹೆಮ್ಮೆ.

ಇದು ಆಗಲ್ಲ ಅಂದವರೇ ಜಾಸ್ತಿ. "ಆ ಕಾಲದ ವೀಕ್ಷಣೆಗಳಲ್ಲಿ ಅಷ್ಟು ಸತ್ವ ಇಲ್ಲ ಮಾರಾಯ್ರೇ, ಸುಮ್ನೆ ಯಾಕೆ ದುಡ್ಡು ಹಾಳು ಮಾಡ್ತೀರಿ?" ಅಂತ ಮಂಗಳೂರಿನ ಗೆಳೆಯರೊಬ್ಬರು ಹೇಳಿದ್ದರು. ಅವರು ನನಗಿಂತ ಹಳೆಯ ಹವ್ಯಾಸಿ. ಅವರ ಮಾತಿಗೆ ಆಧಾರವೂ ಇತ್ತು. 1898 ಮತ್ತು 1905ರಲ್ಲಿ ಫೋಟೋ ಪ್ಲೇಟ್ ಹಿಡಿದು ಹುಡುಕಿದವರಿಗೂ ಇದು ಸಿಕ್ಕಿರಲಿಲ್ಲ.

ಕಥೆ ಚಿಕ್ಕದಾಗಿ ಹೇಳ್ತೀನಿ. 1867ರ ಏಪ್ರಿಲ್ 3ರಂದು ಫ್ರಾನ್ಸಿನ ಮಾರ್ಸೇಯಲ್ಲಿ ಖಗೋಳ ವೀಕ್ಷಕ ವಿಲ್ಹೆಲ್ಮ್ ಟೆಂಪೆಲ್ ಇದನ್ನು ಕಂಡುಹಿಡಿದರು. ಆಗ ಸುತ್ತಿನ ಅವಧಿ 5.7 ವರ್ಷದ ಹತ್ತಿರ. 1881ರಲ್ಲಿ ಗುರುವಿನಿಂದ ಸುಮಾರು 0.55 ಖಗೋಳಮಾನ (ಒಂದು ಖಗೋಳಮಾನ ಅಂದರೆ ಭೂಮಿಗೂ ಸೂರ್ಯನಿಗೂ ಇರುವ ದೂರ) ದೂರದಲ್ಲಿ ಹಾದುಹೋಯಿತು. ಅವಧಿ 6.5 ವರ್ಷಕ್ಕೆ ಏರಿತು. ಪೆರಿಹೀಲಿಯನ್ ದೂರ 1.8ರಿಂದ 2.1ಕ್ಕೆ ಹೋಯಿತು. ಮಸುಕಾಯಿತು, ಕೈತಪ್ಪಿತು. ಆಮೇಲೆ 1941ರಲ್ಲಿ 0.41, 1953ರಲ್ಲಿ 0.77 ದೂರದಲ್ಲಿ ಮತ್ತೆರಡು ಸಲ ಗುರು ಅದನ್ನು ಒಳಕ್ಕೆ ಎಳೆಯಿತು. ಅವಧಿ 5.5ಕ್ಕೆ, ದೂರ 1.5ಕ್ಕೆ ಇಳಿಯಿತು. 1963ರಲ್ಲಿ ಖಗೋಳ ವಿಜ್ಞಾನಿ ಬ್ರಿಯಾನ್ ಮಾರ್ಸ್ಡನ್ ಗುರುವಿನ ಈ ಮೂರು ಎಳೆತಗಳನ್ನೂ ದಾಟಿಸಿ ಲೆಕ್ಕ ಹಾಕಿದರು. 1967ರ ಜೂನ್ 8ರಂದು ಅಮೆರಿಕದ ಖಗೋಳ ವಿಜ್ಞಾನಿ ಎಲಿಜಬೆತ್ ರೋಮರ್ ತೆಗೆದ ಒಂದು ಪ್ಲೇಟ್‌ನಲ್ಲಿ 18ನೇ ಕಾಂತಿಮಾನದ (ಹೊಳಪಿನ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಮಸುಕು) ಮಸುಕು ಗುರುತೊಂದು ಬಿದ್ದಿತ್ತು. ಅದು ಕಣ್ಣಿಗೆ ಬಿದ್ದಿದ್ದು 1968ರ ಕೊನೆಗೆ. ಒಂದೇ ಪ್ಲೇಟ್ ಆದ್ದರಿಂದ ಖಚಿತ ಅನ್ನೋ ಹಾಗಿರಲಿಲ್ಲ. 1972ರ ಜನವರಿಯಲ್ಲಿ ರೋಮರ್ ಮತ್ತು ವಾನ್ ಮತ್ತೆ ಹಿಡಿದ ಮೇಲೇ ಸಂಶಯ ಹೋಯಿತು.

ಮಾರ್ಸ್ಡನ್ ಮಾಡಿದ್ದನ್ನು ನಾನು ಮನೆಯಲ್ಲಿ ಮಾಡಬೇಕು, ಧೂಮಕೇತುವಿನ 1880ರ ನಂತರದ ಒಂದು ಅಂಕಿಯನ್ನೂ ಮುಟ್ಟಬಾರದು. ಇದೇ ನಾನು ಹಾಕಿಕೊಂಡ ನಿಯಮ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿ ನೋಡಿದೆ. 1879ರ ಕಕ್ಷೆಯ ಅಂಕಿಗಳನ್ನು ತೆಗೆದುಕೊಂಡು ಮುಂದಕ್ಕೆ ಓಡಿಸಿದೆ. ಗ್ರಹಸ್ಥಾನಗಳಿಗೆ ನಾಸಾದ ಡಿಇ440 ಪಟ್ಟಿ, ಹೆಜ್ಜೆ ಹೆಜ್ಜೆಯಾಗಿ ಕಕ್ಷೆ ಲೆಕ್ಕ ಹಾಕೋಕೆ ರೀಬೌಂಡ್ ತಂತ್ರಾಂಶದ ಐಎಎಸ್15 ವಿಧಾನ. ಅದು ತಾನೇ ಹೆಜ್ಜೆಯ ಗಾತ್ರ ಬದಲಿಸಿಕೊಳ್ಳುತ್ತೆ, ಗುರುವಿನ ಹತ್ತಿರ ಅದು ಬೇಕೇ ಬೇಕು. 1881ರವರೆಗೆ ಚೆನ್ನಾಗಿತ್ತು. 1941 ದಾಟಿದ ಮೇಲೆ ಕೆಟ್ಟಿತು. 1972ಕ್ಕೆ ಬರುವಾಗ ತಿಂಗಳುಗಟ್ಟಲೆ ಆಚೀಚೆ. ವೀಕ್ಷಣೆಗಳಿಂದ ಕಕ್ಷೆ ಕಂಡುಹಿಡಿಯುವ ಫೈಂಡ್ ಆರ್ಬ್ ತಂತ್ರಾಂಶದಲ್ಲಿ ಮೂರೂ ಭೇಟಿಗಳ ವೀಕ್ಷಣೆಗಳನ್ನು ಒಟ್ಟಿಗೆ ಹಾಕಿ ಹೊಂದಿಸಿದೆ. ಸ್ವಲ್ಪ ಸುಧಾರಿಸಿತು, ಆದರೆ ಶೇಷಗಳು (ಲೆಕ್ಕದ ಸ್ಥಾನಕ್ಕೂ ಅಳೆದ ಸ್ಥಾನಕ್ಕೂ ಉಳಿಯುವ ವ್ಯತ್ಯಾಸ) ಹತ್ತು ಹನ್ನೆರಡು ಆರ್ಕ್‌ಸೆಕೆಂಡ್‌ಗಿಂತ (ಒಂದು ಡಿಗ್ರಿಯ 3600ನೇ ಒಂದು ಭಾಗ) ಕೆಳಗೆ ಇಳಿಯಲೇ ಇಲ್ಲ. 1881ರಲ್ಲಿ ಒಂದು ಕೂದಲೆಳೆಯಷ್ಟು ತಪ್ಪಿದ್ದರೆ 1941ರಲ್ಲಿ ಅದು ಹಗ್ಗದಷ್ಟಾಗುತ್ತೆ. ಗುರು ಮಾಡೋದೇ ಅದು.

ಆಮೇಲೆ ದುಡ್ಡು ಸುರಿದೆ. ಕ್ಲೌಡ್‌ನಲ್ಲಿ ಯಂತ್ರ ಬಾಡಿಗೆಗೆ ಪಡೆದು ಐದು ಸಾವಿರದಷ್ಟು ಕ್ಲೋನ್ (ಚೂರುಚೂರು ಬದಲಿಸಿದ ಕಕ್ಷೆಯ ನಕಲುಗಳು) ಓಡಿಸಿದೆ. ಹನ್ನೊಂದು ಸಾವಿರ ರೂಪಾಯಿ ಹತ್ತಿರ ಬಿಲ್ ಬಂತು. ಸಿಕ್ಕಿದ್ದು ದೊಡ್ಡದೊಂದು ಮಸಿ ಕಲೆ. ಕಕ್ಷೆಯ ಅನಿಶ್ಚಿತತೆಯನ್ನು ಚಂದವಾಗಿ ತೋರಿಸಿತು, ಒಂದು ಚೂರೂ ಕಡಿಮೆ ಮಾಡಲಿಲ್ಲ. ಮನೆಯ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ನಲ್ಲಿ ಮುನ್ನೂರು ಕ್ಲೋನ್ ಓಡಿಸಿದರೂ ಅದೇ ಕಲೆ ಬರುತ್ತೆ. ಈ ದಾರಿ ಹಿಡಿಯುವವರು ಆ ಹನ್ನೊಂದು ಸಾವಿರ ಉಳಿಸಿಕೊಳ್ಳಿ. ಅದರ ಬದಲು ಒಳ್ಳೆ ಯುಪಿಎಸ್ ತಗೊಳ್ಳಿ. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಯಾವಾಗ ಹೋಗುತ್ತೆ ಅಂತ ಹೇಳೋಕಾಗಲ್ಲ, ಅರ್ಧ ರಾತ್ರಿ ಓಡಿದ ಲೆಕ್ಕ ಮಣ್ಣುಪಾಲಾಗುತ್ತೆ.

ಸಮಸ್ಯೆ ಇದ್ದದ್ದು ಗಣಕದಲ್ಲಿ ಅಲ್ಲ, ಹಳೆ ವೀಕ್ಷಣೆಗಳನ್ನು ನಾವು ಓದುವ ರೀತಿಯಲ್ಲಿ. ಅಂದಿನವರು ಆರ್‌ಎ, ಡೆಕ್ (ಆಕಾಶದಲ್ಲಿ ಸ್ಥಾನ ಹೇಳುವ ಎರಡು ಅಂಕಿಗಳು) ನೇರವಾಗಿ ಅಳೆಯುತ್ತಿರಲಿಲ್ಲ. ದೂರದರ್ಶಕಕ್ಕೆ ರಿಂಗ್ ಮೈಕ್ರೋಮೀಟರ್ ಎಂಬ ಅಳತೆಯ ಉಂಗುರ ಹಾಕಿ, ಪಕ್ಕದ ನಕ್ಷತ್ರಕ್ಕಿಂತ ಧೂಮಕೇತು ಎಷ್ಟು ಆಚೆಗಿದೆ ಅಂತ ಅಳೆಯುತ್ತಿದ್ದರು. ಆಮೇಲೆ ಆ ನಕ್ಷತ್ರದ ಸ್ಥಾನವನ್ನು ತಮ್ಮ ಕಾಲದ ಕ್ಯಾಟಲಾಗ್‌ನಿಂದ ತಗೊಂಡು ಕೂಡುತ್ತಿದ್ದರು. ಆ ಕ್ಯಾಟಲಾಗ್‌ಗಳಲ್ಲೇ ಕೆಲವು ಆರ್ಕ್‌ಸೆಕೆಂಡ್ ತಪ್ಪಿರುತ್ತಿತ್ತು! ಕಣ್ಣು ಹಾಕಿ ಅಳೆದವರ ಕೆಲಸ ಒಳ್ಳೆಯದೇ, ಕೂಡಿದ ಸಂಖ್ಯೆ ಕೆಟ್ಟದ್ದು. ಹಾಗಾಗಿ ಪ್ರಕಟವಾದ ಸ್ಥಾನವನ್ನು ಬಿಟ್ಟೆ. ಬರೀ ಅಳತೆಯ ವ್ಯತ್ಯಾಸ ಮತ್ತು ಹೋಲಿಕೆ ನಕ್ಷತ್ರ ಎರಡನ್ನೇ ಎತ್ತಿಕೊಂಡೆ. ಆ ನಕ್ಷತ್ರವನ್ನು ಗಾಯಾ ಉಪಗ್ರಹದ ನಿಖರ ಕ್ಯಾಟಲಾಗ್‌ನಲ್ಲಿ ಹುಡುಕಿ, ಅದರ ಸ್ವಂತ ಚಲನೆ ಹಿಡಿದು ಒಂದೂವರೆ ಶತಮಾನ ಹಿಂದಕ್ಕೆ ತಂದು, ಹೊಸದಾಗಿ ಕೂಡಿದೆ.

ಹೇಳೋದು ಸುಲಭ. ಈ ವೀಕ್ಷಣೆಗಳಿರುವ ಜರ್ಮನ್ ಖಗೋಳ ಪತ್ರಿಕೆ ಆಸ್ಟ್ರೋನೋಮಿಷೆ ನಾಖ್ರಿಖ್ಟೆನ್‌ನ ಹಳೆ ಸಂಪುಟಗಳ ಸ್ಕ್ಯಾನ್ ನಾಸಾದ ಆನ್‌ಲೈನ್ ಸಂಗ್ರಹ ಎಡಿಎಸ್‌ನಲ್ಲಿ ಪುಕ್ಕಟೆ ಸಿಗುತ್ತೆ. ಆದರೆ ಪುಟಗಳು ಮಸುಕು, 3 ಯಾವುದು 8 ಯಾವುದು ಗೊತ್ತಾಗಲ್ಲ. ಅಕ್ಷರ ಗುರುತಿಸುವ ತಂತ್ರಾಂಶ ಕೈಕೊಟ್ಟಿತು. ಜರ್ಮನ್ ಓದುತ್ತಿದ್ದ ಕಾಲೇಜು ಹುಡುಗಿಯೊಬ್ಬಳಿಗೆ ಆರು ಸಾವಿರದಷ್ಟು ಕೊಟ್ಟು ಟೈಪ್ ಮಾಡಿಸಿದೆ. ಇಡೀ ಕೆಲಸದಲ್ಲಿ ಅತ್ಯಂತ ಸಾರ್ಥಕವಾದ ಖರ್ಚು ಅದೇ. ಎಷ್ಟೋ ವೀಕ್ಷಕರು ಹೋಲಿಕೆ ನಕ್ಷತ್ರದ ಹೆಸರೇ ಕೊಟ್ಟಿಲ್ಲ. ಅಂಥವನ್ನು ಪಕ್ಕಕ್ಕೆ ಇಟ್ಟೆ. ಕೈಯಲ್ಲಿ ಉಳಿದದ್ದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ.

ಸಮಯದ ವಿಷಯದಲ್ಲಿ ಹುಷಾರು. 1925ಕ್ಕೆ ಮೊದಲು ಖಗೋಳದವರ ದಿನ ಮಧ್ಯಾಹ್ನಕ್ಕೆ ಶುರು. ಐದನೇ ತಾರೀಕು ಬೆಳಗಿನ ಜಾವ ಎರಡು ಗಂಟೆ ಅಂದರೆ ಅವರ ಪುಸ್ತಕದಲ್ಲಿ ನಾಲ್ಕನೇ ತಾರೀಕು 14 ಗಂಟೆ. ಜೊತೆಗೆ ಪ್ರತಿ ಊರಿಗೂ ಅದರದೇ ಸಮಯ. ಮಾರ್ಸೇ ಗ್ರೀನಿಚ್‌ಗಿಂತ 21 ನಿಮಿಷ ಚಿಲ್ಲರೆ ಮುಂದೆ, ಬರ್ಲಿನ್ 53 ನಿಮಿಷ ಚಿಲ್ಲರೆ. ಭೂಮಿಗೆ ಹತ್ತಿರವಿದ್ದ 1867ರ ಮೇ ತಿಂಗಳಲ್ಲಿ ಈ 21 ನಿಮಿಷ ಬಿಟ್ಟರೆ ಹತ್ತಾರು ಆರ್ಕ್‌ಸೆಕೆಂಡ್ ಹೋಯಿತು ಅಂತಲೇ. ಡೆಲ್ಟಾ-ಟಿ (ಭೂಮಿಯ ತಿರುಗುವಿಕೆಯ ಸಮಯಕ್ಕೂ ಏಕರೂಪ ಸಮಯಕ್ಕೂ ಇರುವ ವ್ಯತ್ಯಾಸ) ಆಗ ಕೆಲವೇ ಸೆಕೆಂಡ್, ಅದಕ್ಕೆ ತಲೆ ಕೆಡಿಸಿಕೊಳ್ಳೋದು ಬೇಡ.

ಇಷ್ಟಾದ ಮೇಲೆ ಶೇಷಗಳು ಮೂರು ನಾಲ್ಕು ಆರ್ಕ್‌ಸೆಕೆಂಡ್‌ಗೆ ಇಳಿದವು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಯಾವ ವೀಕ್ಷಕರಿಗೆ ಎಷ್ಟು ತೂಕ ಕೊಡಬೇಕು ಅನ್ನೋದು ಇನ್ನೊಂದು ಹಂತ. ಒಬ್ಬೊಬ್ಬರ ಕಣ್ಣಿಗೆ ಒಂದೊಂದು ವಾಲಿಕೆ ಇರುತ್ತೆ. ಕೆಲವರು ಬಾಲದ ಕಡೆಗೆ ಸ್ವಲ್ಪ ಸರಿಸಿ ಅಳೆಯುತ್ತಾರೆ. ಅದನ್ನು ಹಿಡಿಯೋಕೆ ನಾನೊಂದು ಉಪಾಯ ಮಾಡಿದ್ದೇನೆ. ಹದಿನಾಲ್ಕು ದಿನ ಇದ್ದ ವ್ಯತ್ಯಾಸ ಎರಡು ದಿನಕ್ಕೆ ಬಂದದ್ದು ಅದರಿಂದಲೇ. ಸದ್ಯಕ್ಕೆ ಅದು ನನ್ನ ಹತ್ತಿರವೇ ಇರಲಿ, ಇನ್ನೆರಡು ಧೂಮಕೇತುಗಳ ಮೇಲೆ ನೋಡಿ ಆಮೇಲೆ ಹೇಳ್ತೀನಿ.

"ಗುರುತ್ವವಲ್ಲದ (ನಾನ್-ಗ್ರಾವ್) ಬಲ ಬಿಟ್ಟುಬಿಟ್ಟಿರಾ?" ಅಂತ ಕೇಳ್ತೀರಿ ಅಲ್ವಾ? ಹೌದು, ಬಿಟ್ಟೆ. ಆವಿ ಚಿಮ್ಮಿ ತನ್ನನ್ನೇ ತಳ್ಳಿಕೊಳ್ಳುವುದು ಟೆಂಪೆಲ್-1ರಲ್ಲಿ ತೀರ ಕಡಿಮೆ. ನಾನು ಇದನ್ನೇ ಆರಿಸಿದ್ದಕ್ಕೆ ಅದೂ ಒಂದು ಕಾರಣ. ಇನ್ನೊಂದು ಕಾರಣ, 2005ರ ಮೇನಲ್ಲಿ ಮಳೆಗಾಲಕ್ಕೆ ಮುಂಚೆ ಕನ್ಯಾ ರಾಶಿಯಲ್ಲಿ ನನ್ನ 8 ಇಂಚಿನ ದೂರದರ್ಶಕದಲ್ಲಿ ಇದನ್ನು ಕಣ್ಣಾರೆ ನೋಡಿದ್ದೆ. ಜುಲೈ 4ಕ್ಕೆ ನಾಸಾದ ಡೀಪ್ ಇಂಪ್ಯಾಕ್ಟ್ ನೌಕೆ ಅದಕ್ಕೆ ಗುದ್ದಿದ ದಿನ ರಾತ್ರಿ ನಮ್ಮಲ್ಲಿ ಮೋಡ. ನೂರು ವರ್ಷದ ಹತ್ತಿರ ಯಾರಿಗೂ ಸಿಗದೆ ಇದ್ದದ್ದು ಅದೇ ಧೂಮಕೇತು ಅಂತ ಆಮೇಲೆ ಓದಿದಾಗಲೇ ಈ ಹುಚ್ಚು ಹತ್ತಿದ್ದು.

ಹುಡುಕುವವರಿಗೆ ಒಂದು ಮಾತು. ಕ್ಲೋನ್‌ಗಳು ಆಕಾಶದಲ್ಲಿ ಎಲ್ಲ ಕಡೆ ಚೆಲ್ಲುವುದಿಲ್ಲ. ಕಕ್ಷೆಯ ವಾಲು, ದಿಕ್ಕು ಹೆಚ್ಚುಕಡಿಮೆ ನಿಂತಿರುತ್ತೆ, ಧೂಮಕೇತು ಆ ದಾರಿಯಲ್ಲಿ ಎಷ್ಟು ಮುಂದೆ ಎಷ್ಟು ಹಿಂದೆ ಅನ್ನೋದೇ ಗೊತ್ತಿರಲ್ಲ. ಆದ್ದರಿಂದ ಪೆರಿಹೀಲಿಯನ್ ಸಮಯವನ್ನು ದಿನದಿನವೇ ಹಿಂದೆ ಮುಂದೆ ಸರಿಸಿ ಒಂದು ಗೆರೆ ಎಳೆಯಿರಿ. ಆ ಗೆರೆಯ ಮೇಲೆ ಹುಡುಕಿದರೆ ಸಾಕು. ರೋಮರ್ ಅವರ 1967ರ ಗುರುತು ನನ್ನ ಗೆರೆಯ ಮೇಲೇ ಬಿತ್ತು. ಲೆಕ್ಕವೆಲ್ಲ ಮುಗಿಸಿದ ಮೇಲಷ್ಟೇ ಅದನ್ನು ಹಾಕಿ ನೋಡಿದ್ದು.

ನಡುವೆ 17ಪಿ/ಹೋಮ್ಸ್ ಧೂಮಕೇತುವಿನ ಮೇಲೂ ಕೈ ಹಾಕಿದೆ. 1892, 1899, 1906ರಲ್ಲಿ ಕಂಡು ಕಳೆದುಹೋಗಿ, 1964ರಲ್ಲಿ ಇದೇ ಮಾರ್ಸ್ಡನ್ ಲೆಕ್ಕ, ಇದೇ ರೋಮರ್ ಕೈಗೆ ಸಿಕ್ಕಿದ್ದು. 2007ರ ಅಕ್ಟೋಬರ್‌ನಲ್ಲಿ ಎರಡೇ ದಿನದಲ್ಲಿ 17ರಿಂದ 3ರ ಒಳಗಿನ ಕಾಂತಿಮಾನಕ್ಕೆ ಉಬ್ಬಿ ಪಾರ್ಥ (ಪರ್ಸಿಯಸ್) ನಕ್ಷತ್ರಪುಂಜದಲ್ಲಿ ಬರಿಗಣ್ಣಿಗೇ ಕಂಡಿತ್ತಲ್ಲ, ಅದೇ. ನನ್ನ ವಿಧಾನ ಅಲ್ಲಿ ಪೂರ್ತಿ ಒಲಿಯಲಿಲ್ಲ. ಇನ್ನೂ ಹತ್ತು ದಿನದ ವ್ಯತ್ಯಾಸ ಇದೆ. ಅದು ಆವಿ ಚಿಮ್ಮುವ ಬಲದಿಂದ ಅಂತ ನನ್ನ ಅನುಮಾನ.

ಈಗ ಕೈಯಲ್ಲಿರೋದು 5ಡಿ/ಬ್ರೋರ್ಸನ್ ಧೂಮಕೇತು. 1846ರಲ್ಲಿ ಸಿಕ್ಕಿ 1879ರ ನಂತರ ಯಾರಿಗೂ ಕಂಡಿಲ್ಲ. ಇದಕ್ಕೆ ತಾಳೆ ನೋಡೋಕೆ ಉತ್ತರವೇ ಇಲ್ಲ, ಬಹುಶಃ ಪುಡಿಯಾಗಿ ಹೋಗಿರಬಹುದು. ಟೆಂಪೆಲ್-1 ಮಾತ್ರ 2024ರ ಮೇನಲ್ಲಿ ಮತ್ತೆ ಗುರುವಿನ ಹತ್ತಿರ ಹಾದುಬಂದಿದೆ. ಮುಂದಿನ ಪೆರಿಹೀಲಿಯನ್ 2028ರ ಫೆಬ್ರವರಿಯಲ್ಲಿ, ಸುಮಾರು 1.77 ಖಗೋಳಮಾನದಲ್ಲಿ. ಅಷ್ಟರೊಳಗೆ ಒಂದು ಒಳ್ಳೆ ಕ್ಯಾಮೆರಾಕ್ಕೆ ದುಡ್ಡು ಕೂಡಿಸಬೇಕು. ಗಾಯಾ ಹಿಡಿದು ಸರಿಪಡಿಸಿದ 1867–79ರ ಪಟ್ಟಿ ಬೇಕಾದವರು ಕೇಳಿ, ಕೊಡ್ತೀನಿ. ತೂಕದ ಕಾಲಂ ಮಾತ್ರ ತೆಗೆದಿರ್ತೀನಿ.