ಬೆಂಗಳೂರು, ದುಬೈ, ಜರ್ಮನಿ: ಐಟಿ ಸಂಬಳವನ್ನು ಒಂದೇ ತಕ್ಕಡಿಗೆ ಹಾಕುವ ನನ್ನ ಕ್ರಮ

"ಅಡಿಕೆಗೆ ರೇಟು ಎಷ್ಟುಂಟು?" ಎಂದು ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ಕೇಳಿ ನೋಡಿ. ಅಂಗಡಿಯವರು ಉತ್ತರ ಕೊಡುವ ಮೊದಲು ತಿರುಗಿ ಕೇಳುತ್ತಾರೆ: ಹೊಸತಾ, ಹಳತಾ, ಡಬ್ಬಲ್ ಚೋಲಾ, ಪಟೋರವಾ, ಕರಿಗೋಟಾ? ಐಟಿ ಸಂಬಳದ ಮಾತು ಬಂದಾಗ ಮಾತ್ರ ನಮ್ಮೂರಿನಲ್ಲಿ ಈ ಮರುಪ್ರಶ್ನೆ ಯಾರೂ ಕೇಳುವುದಿಲ್ಲ. ದುಬೈಯ 18 ಸಾವಿರ ದಿರ್ಹಂ, ಬೆಂಗಳೂರಿನ 24 ಲಕ್ಷ, ಜರ್ಮನಿಯ 60 ಸಾವಿರ ಯೂರೋ ಮೂರನ್ನೂ ಆ ದಿನದ ರೂಪಾಯಿ ದರಕ್ಕೆ ಗುಣಿಸಿ, ದೊಡ್ಡದು ಯಾವುದೆಂದು ತೀರ್ಮಾನಿಸಿಬಿಡುತ್ತೇವೆ. ಆದರೆ ಮೊದಲನೆಯದು ತಿಂಗಳಿಗೆ ಕೈಗೆ ಸಿಗುವ ದುಡ್ಡು, ಎರಡನೆಯದು ಕಂಪನಿಗೆ ಬೀಳುವ ವರ್ಷದ ಖರ್ಚು (ಸಿಟಿಸಿ), ಮೂರನೆಯದು ತೆರಿಗೆ ಕಳೆಯದ ವರ್ಷದ ಸಂಬಳ. ಮೂರಕ್ಕೂ ಮೂರು ಬೇರೆ ಸೇರು.

ಇದಕ್ಕಾಗಿ ನಾನೊಂದು ಎಕ್ಸೆಲ್ ಹಾಳೆ ಇಟ್ಟುಕೊಂಡಿದ್ದೇನೆ. ಆಫರ್ ಒಂದಕ್ಕೆ ಒಂದು ಕಾಲಂ. ಕೊನೆಯ ಸಾಲಿನಲ್ಲಿ ಬರುವುದು ಸಂಬಳವಲ್ಲ, ವರ್ಷದ ಕೊನೆಗೆ ಊರಿನ ಖಾತೆಗೆ ಕಳುಹಿಸಬಹುದಾದ ಮೊತ್ತ.

ಬೆಂಗಳೂರಿನ 24 ಲಕ್ಷವನ್ನು ಮೊದಲು ಬಿಡಿಸುತ್ತೇನೆ. ಬೇಸಿಕ್, ಅಂದರೆ ಅಲವೆನ್ಸ್ ಸೇರದ ಮೂಲ ಸಂಬಳ, ಅರ್ಧ ಎಂದು ಹಿಡಿದರೆ 12 ಲಕ್ಷ. ಕಂಪನಿ ಪಾಲಿನ ಪಿಎಫ್ ಅದರ ಶೇ. 12, ಅಂದರೆ 1,44,000. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಶೇ. 4.81, ಅಂದರೆ 57,720 (ತಿಂಗಳ 26 ದಿನದಲ್ಲಿ 15 ದಿನದ ಬೇಸಿಕ್ ಅನ್ನು 12ರಿಂದ ಭಾಗಿಸಿದರೆ ಈ 4.81 ಬರುತ್ತದೆ). ಕೆಲಸ ನೋಡಿ ಕೊಡುವ ವೇರಿಯಬಲ್ ಶೇ. 10 ಇದ್ದರೆ 2,40,000. ಇಷ್ಟೂ ಸಿಟಿಸಿಯ ಒಳಗೇ ಕೂತಿರುತ್ತದೆ. ಕಳೆದರೆ ಉಳಿಯುವುದು 19,58,280. ಇದಕ್ಕೆ 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟು, ಶೇ. 4 ಸೆಸ್ ಸೇರಿಸಿ ತೆರಿಗೆ ಸುಮಾರು 1,83,700. ನೌಕರನ ಪಾಲಿನ ಪಿಎಫ್ ಇನ್ನೊಂದು 1,44,000, ಕರ್ನಾಟಕದ ವೃತ್ತಿ ತೆರಿಗೆ 2,500. ಕೊನೆಗೆ ತಿಂಗಳಿಗೆ ಕೈಗೆ ಬರುವುದು ಸುಮಾರು 1,35,700. ಎರಡು ಲಕ್ಷ ಅಲ್ಲ.

ಇಲ್ಲಿ ಹೆಚ್ಚಿನವರು ಎರಡು ಕಡೆ ತಪ್ಪುತ್ತಾರೆ. ಪಿಎಫನ್ನು ಹೋದ ದುಡ್ಡು ಎಂದು ಬಿಟ್ಟುಬಿಡುವುದು ಒಂದು. ಎರಡೂ ಪಾಲು ಸೇರಿ ವರ್ಷಕ್ಕೆ 2,88,000 ನಿಮ್ಮ ಹೆಸರಿನಲ್ಲೇ ಬೆಳೆಯುತ್ತಿರುತ್ತದೆ, ಅದು ಉಳಿತಾಯದ ಸಾಲಿಗೆ ಹೋಗಬೇಕು. ಕೆಲವು ಕಂಪನಿಗಳು 15,000 ರೂಪಾಯಿಯ ಮಿತಿ ಹಿಡಿದು ತಿಂಗಳಿಗೆ 1,800 ಮಾತ್ರ ಪಿಎಫ್ ಕಟ್ಟುತ್ತವೆ. ಅಲ್ಲಿ ಕೈಗೆ ಸಿಗುವ ಸಂಬಳ ದಪ್ಪಗೆ ಕಾಣುತ್ತದೆ, ಆದರೆ ಆಫರ್ ದೊಡ್ಡದಾದದ್ದಲ್ಲ. ಎರಡನೆಯ ತಪ್ಪು ಗ್ರಾಚ್ಯುಟಿಯದ್ದು. ಕಾಯಂ ನೌಕರನಿಗೆ ಅದು ಸಿಗಲು ಐದು ವರ್ಷ ಬೇಕು. ಎರಡು ಮೂರು ವರ್ಷಕ್ಕೆ ಕಂಪನಿ ಬದಲಿಸುವ ಯೋಚನೆ ಇದ್ದರೆ ಅಲ್ಲಿ ಸೊನ್ನೆ ಬರೆಯಿರಿ. ವೇರಿಯಬಲ್‌ಗೆ ನಾನು ಅರ್ಧ ಮಾತ್ರ ಬರೆಯುತ್ತೇನೆ. ಜಾಯಿನಿಂಗ್ ಬೋನಸ್ ಮೊದಲ ವರ್ಷದ ಕಾಲಂಗೆ ಮಾತ್ರ. ವರ್ಷದೊಳಗೆ ಬಿಟ್ಟರೆ ಹಿಂದಿರುಗಿಸಬೇಕು ಎಂಬ ಷರತ್ತು ಪತ್ರದಲ್ಲಿ ಇದೆಯೇ ಎಂದು ನೋಡಿಕೊಳ್ಳಿ.

ದುಬೈಯಲ್ಲಿ ಸಂಬಳಕ್ಕೆ ತೆರಿಗೆ ಇಲ್ಲ ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಗೊತ್ತಿಲ್ಲದಿರುವುದು ಬೇಸಿಕ್‌ನ ಮಹತ್ವ. ಅಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯನ್ನು ಬೇಸಿಕ್ ಮೇಲೆ ಮಾತ್ರ ಲೆಕ್ಕ ಹಾಕುತ್ತಾರೆ: ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲೆ 30 ದಿನದ್ದು, ಅದೂ ಕನಿಷ್ಠ ಒಂದು ವರ್ಷ ದುಡಿದವರಿಗೆ. 18,000ದಲ್ಲಿ ಬೇಸಿಕ್ 9,000 ಇದ್ದರೆ ವರ್ಷಕ್ಕೆ 6,300 ದಿರ್ಹಂ. ಅದೇ 18,000ದಲ್ಲಿ ಬೇಸಿಕ್ 5,400 ಎಂದು ಬರೆದು ಉಳಿದದ್ದನ್ನು ಅಲವೆನ್ಸ್ ಮಾಡಿದರೆ 3,780. ತಿಂಗಳ ಸಂಬಳ ಒಂದೇ, ಐದು ವರ್ಷಕ್ಕೆ ವ್ಯತ್ಯಾಸ 12,600 ದಿರ್ಹಂ. ಮಾತುಕತೆಯಲ್ಲಿ ಒಟ್ಟು ಮೊತ್ತ ಏರಿಸಲು ಒಪ್ಪದವರು ಬೇಸಿಕ್ ಏರಿಸಲು ಒಪ್ಪುವುದುಂಟು, ಕೇಳುವುದಕ್ಕೇನು ಖರ್ಚು?

ಬಾಡಿಗೆ ಇನ್ನೊಂದು ಕತೆ. ಅಲ್ಲಿ ಬಾಡಿಗೆ ವರ್ಷದ ಲೆಕ್ಕ, ಚೆಕ್ಕುಗಳಲ್ಲಿ ಕೊಡುವುದು. ಒಂದು ಚೆಕ್ಕಾದರೆ ಬಾಡಿಗೆ ತುಸು ಕಮ್ಮಿ, ಆರಾದರೆ ಜಾಸ್ತಿ. ವರ್ಷಕ್ಕೆ 60,000 ದಿರ್ಹಂ ಬಾಡಿಗೆ ಎಂದಿಟ್ಟುಕೊಂಡರೆ ಶೇ. 5 ಡೆಪಾಸಿಟ್, ಸಾಮಾನ್ಯವಾಗಿ ಶೇ. 5 ಏಜೆಂಟರ ಕಮಿಷನ್, ನೀರು-ಕರೆಂಟಿಗೆ ಫ್ಲ್ಯಾಟ್ ಒಂದಕ್ಕೆ 2,000 ಡೆಪಾಸಿಟ್, ಜೊತೆಗೆ ಬಾಡಿಗೆಯ ಶೇ. 5 ಹೌಸಿಂಗ್ ಫೀ ನೀರಿನ ಬಿಲ್ಲಿನಲ್ಲೇ ತಿಂಗಳಿಗೆ 250ರಂತೆ ಸೇರಿ ಬರುತ್ತದೆ. ಮೊದಲ ಸಂಬಳ ಬರುವ ಮೊದಲೇ ಇದರಲ್ಲಿ ಬಹುಪಾಲು ಕೊಡಬೇಕಾದ್ದು. ಒಂಟಿಯಾಗಿ ಬೆಡ್ ಸ್ಪೇಸ್‌ನಲ್ಲಿ (ಹಂಚಿಕೊಂಡ ಕೋಣೆಯ ಒಂದು ಮಂಚದಲ್ಲಿ) ಇರುವವನಿಗೂ ಹೆಂಡತಿ, ಇಬ್ಬರು ಮಕ್ಕಳನ್ನು ಕರೆದೊಯ್ಯುವವನಿಗೂ ಒಂದೇ ಹಾಳೆ ಹೊಂದುವುದಿಲ್ಲ. ನನ್ನ ಕೇಳಿದರೆ, ದುಬೈಯ ಆದಾಯ ತೆರಿಗೆ ಎಂದರೆ ಶಾಲೆಯ ಫೀಸು. ಮಕ್ಕಳಿರುವವರು ಆ ಸಾಲು ತುಂಬಿಸದೆ ಮುಂದೆ ಹೋಗಬಾರದು. ದಿರ್ಹಂ ದರದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ: ಡಾಲರಿಗೆ 3.6725 ಎಂದು ಕಟ್ಟಿಹಾಕಿದ್ದಾರೆ, ಡಾಲರ್ ಹೋದ ಕಡೆ ಅದೂ ಹೋಗುತ್ತದೆ.

ಜರ್ಮನಿಯದ್ದು ತಿರುಗುಮುರುಗು. 60,000 ಯೂರೋದಲ್ಲಿ ಮಕ್ಕಳಿಲ್ಲದ ಒಂಟಿ ನೌಕರನಿಗೆ 2025ರ ದರದಲ್ಲಿ ತಿಂಗಳಿಗೆ ಕೈಗೆ ಸಿಗುವುದು ಸುಮಾರು 3,100. ಪಿಂಚಣಿಗೆ ಶೇ. 9.3, ನಿರುದ್ಯೋಗ ವಿಮೆಗೆ 1.3, ಆರೋಗ್ಯ ವಿಮೆಗೆ 7.3 ಮತ್ತು ಅದರ ಮೇಲೆ ವಿಮಾ ಸಂಸ್ಥೆ ಹಾಕುವ ಹೆಚ್ಚುವರಿ ಕಂತಿನ ಅರ್ಧ, ಆರೈಕೆ ವಿಮೆಗೆ 2.4; ಆಮೇಲೆ ಆದಾಯ ತೆರಿಗೆ. ಆದರೆ ಆ ಆರೋಗ್ಯ ವಿಮೆಯಲ್ಲಿ ದುಡಿಯದ ಹೆಂಡತಿ, ಮಕ್ಕಳು ಬೇರೆ ಕಂತಿಲ್ಲದೆ ಸೇರುತ್ತಾರೆ, ಸರಕಾರಿ ಶಾಲೆಗೆ ಫೀಸಿಲ್ಲ. ಮದುವೆಯಾಗಿ ಒಬ್ಬರೇ ದುಡಿಯುವುದಾದರೆ ತೆರಿಗೆ ವರ್ಗವನ್ನು 1ರಿಂದ 3ಕ್ಕೆ ಬದಲಿಸಿಕೊಂಡರೆ ಕೈಗೆ ಸಿಗುವುದು ಹೆಚ್ಚಾಗುತ್ತದೆ. ಹಾಗಾಗಿ ಒಂಟಿಯವನಿಗೆ ದುಬೈ ಮೇಲೆ, ಸಂಸಾರಸ್ಥನಿಗೆ ಜರ್ಮನಿ ಹತ್ತಿರ ಬರುವುದು ಈ ಹಾಳೆಯಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಬಾಡಿಗೆ ಕೇಳುವಾಗ "ಕಾಲ್ಟ್" ಎಂದರೆ ಬರಿಯ ಬಾಡಿಗೆ, "ವಾರ್ಮ್" ಎಂದರೆ ಹೀಟಿಂಗ್ ಮತ್ತಿತರ ಖರ್ಚು ಸೇರಿದ್ದು. ಹಾಳೆಗೆ ವಾರ್ಮ್ ಹಾಕಿ. ಊರಿನ ಕ್ರಿಶ್ಚಿಯನ್ ಹುಡುಗರಿಗೆ ಒಂದು ಸೂಚನೆ: ಅಲ್ಲಿ ವಿಳಾಸ ನೋಂದಾಯಿಸುವ ಫಾರಂನಲ್ಲಿ ಕ್ಯಾಥೊಲಿಕ್ ಎಂದು ಬರೆದರೆ ಆದಾಯ ತೆರಿಗೆಯ ಶೇ. 8 ಅಥವಾ 9ರಷ್ಟು ಚರ್ಚ್ ತೆರಿಗೆ ಸಂಬಳದಿಂದಲೇ ಮುರಿಯುತ್ತದೆ.

ಅಮೆರಿಕದ ಲೆಕ್ಕ ರಾಜ್ಯದಿಂದ ರಾಜ್ಯಕ್ಕೆ ಬದಲು. 1,30,000 ಡಾಲರ್ ಮೂಲ ಸಂಬಳಕ್ಕೆ 2025ರಲ್ಲಿ ಕೇಂದ್ರ ತೆರಿಗೆ, ಪಿಂಚಣಿಯ ಸೋಶಿಯಲ್ ಸೆಕ್ಯುರಿಟಿ, ಹಿರಿಯರ ಆರೋಗ್ಯ ವಿಮೆಯ ಮೆಡಿಕೇರ್ ಕಳೆದು ಒಂಟಿ ವ್ಯಕ್ತಿಗೆ ಉಳಿಯುವುದು ಸುಮಾರು 99,800. ಟೆಕ್ಸಸ್, ವಾಷಿಂಗ್ಟನ್‌ನಲ್ಲಿ ಸಂಬಳದ ಮೇಲೆ ರಾಜ್ಯದ ತೆರಿಗೆ ಇಲ್ಲ, ಕ್ಯಾಲಿಫೋರ್ನಿಯದಲ್ಲಿ ಇನ್ನೂ ಕಡಿತ. ವಿಮೆಯ ಕಂತು ಇದರ ಮೇಲೆ. ಸೋಶಿಯಲ್ ಸೆಕ್ಯುರಿಟಿಯ ಶೇ. 6.2 ಅನ್ನು ನಾನು ಖರ್ಚೆಂದೇ ಬರೆಯುತ್ತೇನೆ. ಭಾರತಕ್ಕೂ ಅಮೆರಿಕಕ್ಕೂ ಈ ಬಾಬತ್ತಿನಲ್ಲಿ ಒಪ್ಪಂದವಿಲ್ಲ, 40 ಕ್ರೆಡಿಟ್, ಅಂದರೆ ಸುಮಾರು ಹತ್ತು ವರ್ಷ, ದುಡಿಯದೆ ಪಿಂಚಣಿ ಇಲ್ಲ. ಸಿಂಗಾಪುರದಲ್ಲಿ ತಿಂಗಳ ಸಂಬಳದಿಂದ ತೆರಿಗೆ ಮುರಿಯುವುದಿಲ್ಲ, ಮುಂದಿನ ವರ್ಷ ಬಿಲ್ಲು ಬರುತ್ತದೆ. ಎಂಪ್ಲಾಯ್ಮೆಂಟ್ ಪಾಸ್‌ನವರಿಗೆ ಪಿಎಫ್‌ನಂಥ ಸಿಪಿಎಫ್ ಕೂಡ ಇಲ್ಲ. ಪೂರ್ತಿ ಸಂಬಳ ಬಂತೆಂದು ಪೂರ್ತಿ ಊರಿಗೆ ಕಳುಹಿಸಿದವರಿಗೆ ಆ ಬಿಲ್ಲು ಬಂದಾಗ ಕಷ್ಟ.

ಷೇರುಗಳ ಬಗ್ಗೆ. ಆರ್‌ಎಸ್‌ಯು, ಅಂದರೆ ಕಂಪನಿ ಕಂತಿನಲ್ಲಿ ಕೊಡುವ ಷೇರು, 40 ಲಕ್ಷ ಎಂದರೆ ವರ್ಷಕ್ಕೆ 10 ಲಕ್ಷ ಎಂದುಕೊಳ್ಳಬೇಡಿ, ಯಾವ ವರ್ಷ ಎಷ್ಟು ಕೈಗೆ ಬರುತ್ತದೆ ಎಂಬ ವೆಸ್ಟಿಂಗ್ ಪಟ್ಟಿ ಕೇಳಿ. ನಾಲ್ಕು ವರ್ಷಕ್ಕೆ ಸಮಪಾಲು ಕೊಡುವವರಿದ್ದಾರೆ, ಅಮೆಜಾನ್‌ನಂತೆ ಶೇ. 5, 15, 40, 40 ಎಂದು ಕೊಟ್ಟವರೂ ಇದ್ದಾರೆ. ಅಲ್ಲಿ ಮೊದಲ ವರ್ಷಕ್ಕೆ ಬರುವುದು 2 ಲಕ್ಷದ್ದು. ನಾನು ಮೊದಲ ವರ್ಷ ಮತ್ತು ನಾಲ್ಕು ವರ್ಷದ ಸರಾಸರಿ ಎರಡನ್ನೂ ಬರೆದು, ಬೆಲೆಯಲ್ಲಿ ಶೇ. 30 ಇಳಿಸಿ ನೋಡುತ್ತೇನೆ. ಷೇರು ಕೈಗೆ ಬಂದ ದಿನವೇ ಅದು ಸಂಬಳದಂತೆ ತೆರಿಗೆಗೆ ಒಳಪಡುತ್ತದೆ. ಭಾರತದಲ್ಲಿದ್ದುಕೊಂಡು ಅಮೆರಿಕದ ಷೇರು ಹೊಂದಿರುವವರು ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯ ಶೆಡ್ಯೂಲ್ ತುಂಬಲೇಬೇಕು. ಷೇರುಪೇಟೆಯಲ್ಲಿ ಲಿಸ್ಟ್ ಆಗದ ಸ್ಟಾರ್ಟಪ್‌ನ ಇಸಾಪ್‌ಗೆ (ನೌಕರರಿಗೆ ಕೊಡುವ ಷೇರು ಕೊಳ್ಳುವ ಹಕ್ಕಿಗೆ) ನನ್ನ ಹಾಳೆಯಲ್ಲಿ ಬೆಲೆ ಸೊನ್ನೆ.

ಇನ್ನು ಅನುಭವದ ಪ್ರಶ್ನೆ. ಹೋಲಿಕೆ ಹೆಚ್ಚು ಹಾಳಾಗುವುದು ಇಲ್ಲೇ. "ಆರು ವರ್ಷದವನಿಗೆ ಎಷ್ಟು?" ಎಂಬ ಪ್ರಶ್ನೆಗೆ ಅರ್ಥವಿಲ್ಲ, ಯಾವ ಲೆವೆಲ್ ಎಂದು ಕೇಳಬೇಕು. ಲೆವೆಲ್ ಸಂಖ್ಯೆಯೂ ಕಂಪನಿಯಿಂದ ಕಂಪನಿಗೆ ಬೇರೆ. ಗೂಗಲ್‌ನಲ್ಲಿ ಎಲ್3 ಹೊಸಬ, ಎಲ್5 ಸೀನಿಯರ್. ಅಮೆಜಾನ್‌ನಲ್ಲಿ ಹೊಸಬನೇ ಎಲ್4, ಎಲ್5 ಎಂದರೆ ಎಸ್‌ಡಿಇ 2 (ಎರಡನೆಯ ಹಂತದ ಎಂಜಿನಿಯರ್), ಸೀನಿಯರ್ ಆಗುವುದು ಎಲ್6ಕ್ಕೆ. ಮೈಕ್ರೋಸಾಫ್ಟ್‌ನಲ್ಲಿ 59ರಿಂದ ಆರಂಭ, ಸೀನಿಯರ್ 63. ಎರಡು ಎಲ್5ಗಳನ್ನು ಅಕ್ಕಪಕ್ಕ ಇಟ್ಟರೆ ಹಳತು ಅಡಿಕೆಯ ದರವನ್ನು ಹೊಸತಿಗೆ ಕೇಳಿದಂತೆ. ದೇಶ ಬದಲಿಸುವಾಗ ಒಂದು ಲೆವೆಲ್ ಇಳಿಸಿ ತೆಗೆದುಕೊಳ್ಳುವುದೂ ಸಾಮಾನ್ಯ. ಸಪೋರ್ಟ್ ಪ್ರಾಜೆಕ್ಟಿನ ಆರು ವರ್ಷವನ್ನು ತನ್ನದೇ ಸಾಫ್ಟ್‌ವೇರ್ ಮಾಡುವ ಪ್ರಾಡಕ್ಟ್ ಕಂಪನಿ ಮೂರೆಂದು ಎಣಿಸಬಹುದು. ಹಾಗಾಗಿ ಇಲ್ಲಿನ ಈಗಿನ ಲೆವೆಲನ್ನು ಅಲ್ಲಿ ಕೊಟ್ಟಿರುವ ಲೆವೆಲ್‌ನೊಂದಿಗೆ ಹೋಲಿಸಬೇಕು.

ಜೊತೆಗೆ, ಸಂಬಳದ ಏಣಿಯ ಏರು ಎಲ್ಲೆಡೆ ಒಂದೇ ಅಲ್ಲ. ಭಾರತದಲ್ಲಿ ಸರ್ವಿಸ್ ಕಂಪನಿಯ ಫ್ರೆಶರ್ 3-4 ಲಕ್ಷದಲ್ಲಿ ನಿಂತಿರುತ್ತಾನೆ, ಹತ್ತು ಹನ್ನೆರಡು ವರ್ಷಕ್ಕೆ ಒಳ್ಳೆಯ ಕಂಪನಿ ಸಿಕ್ಕಿದವನದ್ದು ಅದರ ಹತ್ತು ಪಟ್ಟಿಗೂ ಮುಟ್ಟಬಹುದು. ಜರ್ಮನಿಯಲ್ಲಿ ಆರಂಭವೇ ಎತ್ತರ, ಆಮೇಲಿನ ಮೆಟ್ಟಿಲುಗಳು ತಗ್ಗು. ಎರಡು ವರ್ಷ ಅನುಭವದವನಿಗೆ ಹೊರದೇಶದ ಆಫರ್ ಎದ್ದು ಕಾಣುವುದು, ಹನ್ನೆರಡು ವರ್ಷದವನಿಗೆ ಬೆಂಗಳೂರೇ ಸಮಕ್ಕೆ ನಿಲ್ಲುವುದು ಇದರಿಂದಲೇ. ಅಣ್ಣನಿಗೆ ಸರಿಯಾದ ಲೆಕ್ಕ ತಮ್ಮನಿಗೆ ಸರಿಯಾಗದು.

ಅಂಕಿಗಳನ್ನು ಎಲ್ಲಿಂದ ತರುವುದು? ಅಮೆರಿಕಕ್ಕೆ ಅಲ್ಲಿನ ಕಾರ್ಮಿಕ ಅಂಕಿಅಂಶ ಇಲಾಖೆಯ ಪಟ್ಟಿ ಇದೆ. 15-1252 ಎಂಬ ಸಂಖ್ಯೆಯಡಿ ಸಾಫ್ಟ್‌ವೇರ್ ಡೆವಲಪರ್, 2024ರ ಮೇ ತಿಂಗಳ ಮೀಡಿಯನ್ (ಸಾಲಾಗಿ ಇಟ್ಟಾಗ ನಟ್ಟನಡುವೆ ಬರುವ ಸಂಬಳ) 1,33,080 ಡಾಲರ್, ಊರುಗಳ ಪ್ರಕಾರವೂ ಸಿಗುತ್ತದೆ. ಎಚ್-1ಬಿ ಕೆಲಸದ ವೀಸಾದ ಅರ್ಜಿಗೆ ಮೊದಲು ಕಂಪನಿ ಸಲ್ಲಿಸುವ ಸಂಬಳದ ಘೋಷಣೆ, ಅಂದರೆ ಎಲ್‌ಸಿಎಯ ದಾಖಲೆ ಬಹಿರಂಗ: ಕಂಪನಿ, ಊರು, ಹುದ್ದೆ, ಸಂಬಳ, 1ರಿಂದ 4ರ ವೇತನ ಮಟ್ಟ. ಅದರಲ್ಲಿ ಷೇರು ಸೇರಿರುವುದಿಲ್ಲ ಎಂಬುದು ನೆನಪಿರಲಿ. ಜರ್ಮನಿಗೆ ಸರಕಾರಿ ಉದ್ಯೋಗ ಸಂಸ್ಥೆಯ ಎಂಟ್‌ಗೆಲ್ಟ್‌ಅಟ್ಲಾಸ್. ನೌಕರರೇ ತುಂಬುವ ತಾಣಗಳಲ್ಲಿ ದೊಡ್ಡ ಕಂಪನಿಯವರದ್ದೇ ಸಂತೆ. ಹೇಳಿಕೊಳ್ಳುವಂಥ ಸಂಬಳ ಇರುವವನೇ ಹೇಳಿಕೊಳ್ಳುವುದು.

ದೇಶ ಮತ್ತು ಅನುಭವ ಎರಡನ್ನೂ ಸೇರಿಸಿ ನೋಡಲು ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋದ ವಾರ್ಷಿಕ ಸಮೀಕ್ಷೆಯ ಸಿಎಸ್‌ವಿ ಫೈಲು ಇಳಿಸಿಕೊಳ್ಳುತ್ತೇನೆ. ಪೂರ್ಣಾವಧಿ ನೌಕರರನ್ನು ಮಾತ್ರ ಇಟ್ಟು, ದೇಶ ಆರಿಸಿ, ವೃತ್ತಿಯ ವರ್ಷಗಳನ್ನು 0-2, 3-5, 6-9, 10-14, 15ರ ಮೇಲೆ ಎಂದು ಗುಂಪು ಮಾಡುತ್ತೇನೆ. 2024ರ ಫೈಲಿನಲ್ಲಿ ಒಂದು ವರ್ಷಕ್ಕಿಂತ ಕಡಿಮೆ, 50ಕ್ಕಿಂತ ಹೆಚ್ಚು ಎಂಬ ಉತ್ತರಗಳು ಅಕ್ಷರದಲ್ಲಿವೆ. ಮೊದಲು ಅಂಕಿಗೆ ಬದಲಿಸದಿದ್ದರೆ ಸೂತ್ರ ಕೆಡುತ್ತದೆ. ಭಾರತದ ಸಾಲುಗಳಲ್ಲಿ ವಾರ್ಷಿಕ ಕೇಳಿದಲ್ಲಿ ತಿಂಗಳದ್ದು ಬರೆದವರು, 12 ಲಕ್ಷಕ್ಕೆ ಬರೇ 12 ಎಂದು ಬರೆದವರು ಸಿಗುತ್ತಾರೆ. ವರ್ಷಕ್ಕೆ ಒಂದು ಲಕ್ಷಕ್ಕಿಂತ ಕೆಳಗಿನ ಉತ್ತರಗಳನ್ನು ತೆಗೆದುಹಾಕುತ್ತೇನೆ, ಊಹಿಸಿ ತಿದ್ದುವುದಿಲ್ಲ. ಸರಾಸರಿ ಬೇಡ, ಮೀಡಿಯನ್ ಮತ್ತು 25, 75ನೇ ಪರ್ಸೆಂಟೈಲ್ (ಸಾಲಿನ ಕೆಳಗಿನಿಂದ ಕಾಲು, ಮುಕ್ಕಾಲು ಭಾಗದಲ್ಲಿ ಬರುವ ಸಂಬಳ) ಸಾಕು. ಗುಂಪಿನಲ್ಲಿ 30ಕ್ಕಿಂತ ಕಡಿಮೆ ಜನರಿದ್ದರೆ ಆ ಕೋಶ ಖಾಲಿ ಬಿಡುತ್ತೇನೆ.

ಕೊಳ್ಳುವ ಶಕ್ತಿಯ ದರ, ಅಂದರೆ ಪಿಪಿಪಿ, ಬಳಸುವವರು ಅರ್ಧ ಮಾತ್ರ ಸರಿ. ವಿಶ್ವಬ್ಯಾಂಕಿನ ಲೆಕ್ಕದಲ್ಲಿ ಅದು ಡಾಲರಿಗೆ ಸುಮಾರು 20 ರೂಪಾಯಿ, ಹಾಗೆ ನೋಡಿದರೆ 1,30,000 ಡಾಲರ್ ಭಾರತದ 26 ಲಕ್ಷಕ್ಕೆ ಸಮ. ದುಡಿದದ್ದೆಲ್ಲ ಅಲ್ಲೇ ಖರ್ಚು ಮಾಡುವವನಿಗೆ ಇದು ಒಪ್ಪುತ್ತದೆ. ಆದರೆ ನಮ್ಮ ಕಡೆಯ ಮುಳ್ಳೇರಿಯದಲ್ಲಿ ಮನೆ ಕಟ್ಟಲು ಕಳುಹಿಸುವ ಡಾಲರ್ ಬರುವುದು ಬ್ಯಾಂಕಿನ ದರದಲ್ಲಿ. ಆದ್ದರಿಂದ ಖರ್ಚಿನ ಭಾಗಕ್ಕೆ ಪಿಪಿಪಿ, ಉಳಿತಾಯದ ಭಾಗಕ್ಕೆ ಆ ದಿನದ ವಿನಿಮಯ ದರ, ದಿನಾಂಕ ಸಮೇತ.

ಮನೆಯಲ್ಲೇ ಕೂತು ಡಾಲರ್ ಕಾಂಟ್ರಾಕ್ಟ್ ಮಾಡುವವರಿಗೆ ಪಿಎಫ್, ಗ್ರಾಚ್ಯುಟಿ, ಸಂಬಳದ ರಜೆ, ವಿಮೆ ಯಾವುದೂ ಇಲ್ಲ. ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಎಲ್‌ಯುಟಿ ಎಂಬ ಮುಚ್ಚಳಿಕೆ ಸಲ್ಲಿಸಿದರೆ ರಫ್ತಿನ ಮೇಲೆ ತೆರಿಗೆ ಕಟ್ಟದೆ ಬಿಲ್ಲು ಮಾಡಬಹುದು. ನಮ್ಮ ಮಳೆಗಾಲಕ್ಕೆ ಇನ್ವರ್ಟರು, ಎರಡನೆಯ ಇಂಟರ್ನೆಟ್ ಲೈನು ಎರಡನ್ನೂ ಖರ್ಚಿನಲ್ಲಿ ಬರೆಯಿರಿ.

ಹಾಳೆಯ ತುದಿಯಲ್ಲಿ ಹೊರಡುವ ತಾರೀಖಿಗೂ ಒಂದು ಕೋಶ ಇದೆ. ಕೆಲಸಕ್ಕೆಂದು ಹೊರಡುವವನು ಆ ಆರ್ಥಿಕ ವರ್ಷದಲ್ಲಿ ಭಾರತದಲ್ಲಿ 182 ದಿನ ಇದ್ದರೆ ತೆರಿಗೆಯ ಲೆಕ್ಕಕ್ಕೆ ರೆಸಿಡೆಂಟ್, ಅಂದರೆ ಇಲ್ಲಿನ ನಿವಾಸಿ. ದುಬೈಯ ಸಂಬಳಕ್ಕೂ ಇಲ್ಲಿ ತೆರಿಗೆ, ಅಲ್ಲಿ ತೆರಿಗೆ ಕಟ್ಟಿರದ ಕಾರಣ ಅದರಲ್ಲಿ ಕಳೆಯುವುದಕ್ಕೂ ಏನಿಲ್ಲ. ಏಪ್ರಿಲ್ 1ರಿಂದ ಸೆಪ್ಟೆಂಬರ್ 28ಕ್ಕೆ 181 ದಿನ. ಅದಕ್ಕೆ ಮೊದಲು ವಿಮಾನ ಹತ್ತಿದರೆ ಸಾಲದು, ಮಾರ್ಚ್ 31ರೊಳಗೆ ರಜೆಗೆ ಬಂದ ದಿನಗಳೂ ಎಣಿಕೆಗೆ ಸೇರುತ್ತವೆ. ಸೆಪ್ಟೆಂಬರ್ 15ಕ್ಕೆ ಹೊರಟವನದ್ದು 168 ದಿನ. ಫೆಬ್ರವರಿಯಲ್ಲಿ ಮನೆಯ ಕೋಲಕ್ಕೆಂದು ಮೂರು ವಾರ ಬಂದು ಹೋದರೆ 189.