ಕಾಗದವಿಲ್ಲದ ಕರಾರು: ಸಹಿ ಸುಲಭ, ಸಾಬೀತು ಮಾಡುವುದೇ ಕೆಲಸ (ನನ್ನ ಅನುಭವ)

ವ್ಯವಹಾರದ ಕರಾರುಗಳನ್ನು ಕಾಗದದಿಂದ ಪಿಡಿಎಫ್‌ಗೆ ದಾಟಿಸಲು ಕೂತರೆ ಎಲ್ಲರೂ ಮೊದಲು ಕೇಳುವುದು ಒಂದೇ: "ಇ-ಸಹಿ ಕೋರ್ಟಿನಲ್ಲಿ ನಡೆಯುತ್ತದೆಯೇ?" ಇದಕ್ಕೆ ಉತ್ತರ ಸಿಕ್ಕಿ ಬಹಳ ಕಾಲವಾಯಿತು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಅಕ್ಟೋಬರ್ 17ರಿಂದ ಜಾರಿಯಲ್ಲಿದೆ. 2008ರ ತಿದ್ದುಪಡಿ ತಂದ ಸೆಕ್ಷನ್ 10ಎ ಪ್ರಕಾರ, ಎಲೆಕ್ಟ್ರಾನಿಕ್ ರೂಪದಲ್ಲಿ ಆಯಿತು ಎಂಬ ಒಂದೇ ಕಾರಣಕ್ಕೆ ಕರಾರು ಬಿದ್ದುಹೋಗುವುದಿಲ್ಲ. ಟ್ರೈಮೆಕ್ಸ್–ವೇದಾಂತ ಪ್ರಕರಣದಲ್ಲಿ (2010) ಬರೀ ಇಮೇಲ್‌ಗಳಲ್ಲಿ ಕುದುರಿದ ವ್ಯವಹಾರವನ್ನೂ ಸುಪ್ರೀಂ ಕೋರ್ಟ್ ಕರಾರೆಂದೇ ಒಪ್ಪಿತು. ಕೇಳಬೇಕಾದ ಪ್ರಶ್ನೆ ಬೇರೆ. ಎರಡು ವರ್ಷ ಕಳೆದು ಎದುರು ಪಕ್ಷದವರು "ಈ ಸಹಿ ನನ್ನದಲ್ಲ, ಈ ಪುಟ ಆಗ ಇರಲಿಲ್ಲ" ಎಂದರೆ ನಿಮ್ಮ ಕೈಯಲ್ಲಿ ಏನಿರುತ್ತದೆ? ನಾನು ಅನುಸರಿಸುವ ಕ್ರಮವೆಲ್ಲ ಈ ಪ್ರಶ್ನೆಯಿಂದ ಹಿಂದಕ್ಕೆ ಎಣಿಸಿಕೊಂಡು ಬಂದದ್ದು.

ಮೊದಲು ಕಡತಗಳನ್ನು ಜರಡಿ ಹಿಡಿಯಬೇಕು. ಐಟಿ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ ಈ ಕಾಯ್ದೆ ಅನ್ವಯಿಸದ ದಸ್ತಾವೇಜುಗಳ ಪಟ್ಟಿ ಇದೆ. ಉಯಿಲು ಮತ್ತು ಟ್ರಸ್ಟ್ ಪತ್ರ ಇಂದಿಗೂ ಕಾಗದದಲ್ಲೇ ಆಗಬೇಕು. ಮುಖ್ತ್ಯಾರ ಪತ್ರ, ಬೇಡಿಕೆ ಪ್ರಾಮಿಸರಿ ನೋಟು ಮತ್ತು ವಿನಿಮಯ ಪತ್ರದ ವಿಷಯದಲ್ಲಿ 2022ರಲ್ಲಿ ಸಣ್ಣ ಕಿಟಕಿ ತೆರೆದರು: ರಿಸರ್ವ್ ಬ್ಯಾಂಕ್, ಸೆಬಿಯಂಥ ನಿಯಂತ್ರಕರ ಅಡಿಯಲ್ಲಿರುವ ಸಂಸ್ಥೆಗೆ ಬರೆದುಕೊಡುವುದಾದರೆ ಎಲೆಕ್ಟ್ರಾನಿಕ್ ರೂಪ ನಡೆಯುತ್ತದೆ. ಇಬ್ಬರು ಸಾಮಾನ್ಯ ವ್ಯಾಪಾರಿಗಳ ನಡುವೆ ಆ ಕಿಟಕಿ ಇಲ್ಲ. ಸ್ಥಿರಾಸ್ತಿ ಮಾರಾಟದ ಕರಾರನ್ನೂ ಅದೇ ಬಾರಿ ಪಟ್ಟಿಯಿಂದ ತೆಗೆದರು. ಹಾಗೆಂದು ಕ್ರಯಪತ್ರವನ್ನು ಓಟಿಪಿಯಲ್ಲಿ ಮುಗಿಸಬಹುದೆಂದು ಹಿಗ್ಗಬೇಡಿ. 1908ರ ನೋಂದಣಿ ಕಾಯ್ದೆ ಇದ್ದಲ್ಲೇ ಇದೆ, ಒಂದು ವರ್ಷ ಮೀರಿದ ಗುತ್ತಿಗೆಗೂ ಸಬ್ ರಿಜಿಸ್ಟ್ರಾರ್ ಕಚೇರಿ ಹತ್ತಲೇಬೇಕು. ಉಳಿದವು, ಅಂದರೆ ಪೂರೈಕೆ ಕರಾರು, ಸೇವಾ ಕರಾರು, ಗೌಪ್ಯತಾ ಒಪ್ಪಂದ, ನೇಮಕಾತಿ ಪತ್ರ, ಖರೀದಿ ಆದೇಶ, ಇವೆಲ್ಲ ಪಿಡಿಎಫ್‌ಗೆ ಸಲೀಸಾಗಿ ಬರುತ್ತವೆ.

ಇ-ಸಹಿ ಎಂದು ಜನ ಕರೆಯುವುದರಲ್ಲಿ ಮೂರು ಬಗೆ ಇವೆ, ಮೂರಕ್ಕೂ ತೂಕ ಬೇರೆ. ಪರದೆಯ ಮೇಲೆ ಬೆರಳಲ್ಲಿ ಗೀಚಿದ್ದು, ಸ್ಕ್ಯಾನ್ ಮಾಡಿ ಅಂಟಿಸಿದ ಸಹಿಯ ಚಿತ್ರ, "ಒಪ್ಪಿದ್ದೇನೆ" ಗುಂಡಿ ಒಂದು ಬಗೆ. ಕರಾರು ಆಗುತ್ತದೆ, ಆದರೆ ಕಾಯ್ದೆಯ ಎರಡನೇ ಅನುಸೂಚಿ ಹೇಳುವ ಎಲೆಕ್ಟ್ರಾನಿಕ್ ಸಹಿ ಇದಲ್ಲ. ತಕರಾರು ಬಂದರೆ ಸಹಿ ಅವರದೇ ಎಂದು ಬೇರೆ ಪುರಾವೆಗಳಿಂದ ನೀವೇ ತೋರಿಸಬೇಕು. ಎರಡನೆಯದು ಆಧಾರ್ ಇ-ಸೈನ್. ಓಟಿಪಿ ಹಾಕಿದಾಗ ಆ ಒಂದು ಸಹಿಗಾಗಿಯೇ ಗುಪ್ತ ಡಿಜಿಟಲ್ ಕೀಲಿ ಹುಟ್ಟಿ, ಕೆಲಸವಾದ ಮೇಲೆ ಅಳಿಯುತ್ತದೆ. ಆ ಕೀಲಿ ಇಂಥವರದು ಎಂದು ಹೇಳುವ ಪ್ರಮಾಣಪತ್ರದ ಆಯುಷ್ಯ ಬರೀ 30 ನಿಮಿಷ. ಮೂರನೆಯದು ಯುಎಸ್‌ಬಿ ಟೋಕನ್‌ನಲ್ಲಿರುವ ಡಿಎಸ್‌ಸಿ, ಅಂದರೆ ಡಿಜಿಟಲ್ ಸಹಿ ಪ್ರಮಾಣಪತ್ರ. 2021ರ ಜನವರಿಯಿಂದ ಕ್ಲಾಸ್ 2 ಕೊಡುವುದನ್ನು ನಿಲ್ಲಿಸಿದ್ದಾರೆ, ಈಗ ಸಿಗುವುದು ಕ್ಲಾಸ್ 3.

ಐವತ್ತು ಸಾವಿರದ ಸಣ್ಣ ಖರೀದಿ ಆದೇಶಕ್ಕೆ ಇಮೇಲ್ ಒಪ್ಪಿಗೆ ಸಾಕು ಎಂಬುದು ನನ್ನ ಲೆಕ್ಕ. ಹಣ ದೊಡ್ಡದಿದ್ದರೆ, ಅಥವಾ ಎದುರಿಗಿರುವವರು ಹೊಸಬರಾದರೆ, ಎರಡನೆಯದೋ ಮೂರನೆಯದೋ ಬೇಕು. ಕಂಪನಿಯ ಪರವಾಗಿ ಆಧಾರ್ ಇ-ಸೈನ್ ಹಾಕಿಸುವಾಗ ಒಂದು ಕೊರತೆ ನೆನಪಿರಲಿ. ಆ ಸಹಿ ಹೇಳುವುದು ವ್ಯಕ್ತಿ ಯಾರು ಎಂದಷ್ಟೇ, ಅವರಿಗೆ ಕಂಪನಿಯನ್ನು ಕಟ್ಟಿಹಾಕುವ ಅಧಿಕಾರ ಇದೆಯೇ ಎಂದಲ್ಲ. ಹಾಗಾಗಿ ಆಡಳಿತ ಮಂಡಳಿಯ ನಿರ್ಣಯವನ್ನೋ ಅಧಿಕಾರ ಪತ್ರವನ್ನೋ ಸಹಿಗೆ ಮೊದಲೇ ತರಿಸಿ ಅನುಬಂಧವಾಗಿ ಸೇರಿಸುತ್ತೇನೆ. ಹೆಸರಿನ ಇನಿಶಿಯಲ್ ಇನ್ನೊಂದು ಕಾಟ. ಕರಾರಿನಲ್ಲಿ ಇನಿಶಿಯಲ್ ಇದ್ದು ಆಧಾರ್‌ನಲ್ಲಿ ಅದೇ ಬಿಡಿಸಿ ಬರೆದಿದ್ದರೆ, ಹೆಸರು ಹೋಲಿಸಿ ನೋಡುವ ವೇದಿಕೆಗಳು ಸಹಿಯನ್ನೇ ನಿರಾಕರಿಸುತ್ತವೆ. ಸಹಿದಾರರ ಹೆಸರನ್ನು ಕರಡಿನಲ್ಲೇ ಆಧಾರ್‌ನಲ್ಲಿರುವಂತೆ ಬರೆದುಬಿಟ್ಟರೆ ಮುಗಿಯಿತು.

ಡಿಎಸ್‌ಸಿಯ ಸಮಸ್ಯೆ ತಂತ್ರಜ್ಞಾನದ್ದಲ್ಲ, ಡ್ರಾಯರ್‌ನದು. ನಿರ್ದೇಶಕರ ಟೋಕನ್ ಲೆಕ್ಕಪರಿಶೋಧಕರ ಕಚೇರಿಯ ಡ್ರಾಯರ್‌ನಲ್ಲಿ, ಪಿನ್ ಅದರ ಮೇಲೇ ಅಂಟಿಸಿದ ಚೀಟಿಯಲ್ಲಿ! ಖಾಸಗಿ ಕೀಲಿಯ ಹತೋಟಿ ಕೈತಪ್ಪದಂತೆ ಎಚ್ಚರ ವಹಿಸುವುದು ಸಹಿದಾರರ ಕರ್ತವ್ಯ ಎಂದು ಸೆಕ್ಷನ್ 42 ಹೇಳುತ್ತದೆ. ಸುರಕ್ಷಿತ ಸಹಿಗೆ ಕಾನೂನು ಕೊಡುವ ಪೂರ್ವಭಾವನೆ (ಸುಳ್ಳೆಂದು ತೋರಿಸುವವರೆಗೆ ನಿಜವೆಂದೇ ಹಿಡಿಯುವುದು) ನಿಂತಿರುವುದೂ, ಸಹಿ ಹಾಕುವಾಗ ಕೀಲಿ ಅವರೊಬ್ಬರ ಹತೋಟಿಯಲ್ಲಿತ್ತು ಎಂಬುದರ ಮೇಲೆ. ಪಾಟೀಸವಾಲಿನಲ್ಲಿ "ಟೋಕನ್ ಯಾರ ಹತ್ತಿರ ಇರುತ್ತಿತ್ತು?" ಎಂಬ ಒಂದು ಪ್ರಶ್ನೆ ಸಾಕು, ಎಲ್ಲ ಅಲುಗಾಡುತ್ತದೆ. ಟೋಕನ್ ಕೊಟ್ಟು ತೆಗೆದುಕೊಂಡದ್ದಕ್ಕೆ ಒಂದು ಪುಸ್ತಕ ಇಡಿ, ಪಿನ್ ಮಾತ್ರ ಯಾರಿಗೂ ಕೊಡಬೇಡಿ.

ಮುದ್ರಾಂಕ ಶುಲ್ಕವನ್ನು ಡಿಜಿಟಲ್ ಉತ್ಸಾಹದಲ್ಲಿ ಮರೆಯುವವರೇ ಹೆಚ್ಚು. ಛಾಪಾ ಕಾಗದ ಹೋಯಿತು, ಶುಲ್ಕ ಹೋಗಲಿಲ್ಲ. ಶುಲ್ಕ ಸಹಿಗೆ ಮೊದಲು ಅಥವಾ ಸಹಿಯ ಹೊತ್ತಿಗೆ ಕಟ್ಟಿರಬೇಕು. ನಾನು ಹಿಡಿಯುವ ಕ್ರಮ: ಕರಡು ಅಂತಿಮವಾದ ಮೇಲೆ ಇ-ಸ್ಟ್ಯಾಂಪ್ ತೆಗೆದು, ಅದರ ವಿಶಿಷ್ಟ ಸಂಖ್ಯೆಯನ್ನು ಕರಾರಿನ ಮೊದಲ ಪ್ಯಾರಾದಲ್ಲೇ ಬರೆದು, ಇ-ಸ್ಟ್ಯಾಂಪ್ ಪುಟವನ್ನು ಮೊದಲ ಪುಟವಾಗಿ ಜೋಡಿಸಿ, ಆಮೇಲೆ ಸಹಿಗೆ ಕಳಿಸುವುದು. ಇದು ತಿರುವುಮುರುವಾದರೆ ಎರಡು ಪೆಟ್ಟು. ಇ-ಸ್ಟ್ಯಾಂಪ್ ದಿನಾಂಕ ಸಹಿಯ ದಿನಾಂಕಕ್ಕಿಂತ ಈಚೆಗಿರುತ್ತದೆ. ಸಹಿಯಾದ ಪಿಡಿಎಫ್‌ಗೆ ಒಂದು ಪುಟ ಸೇರಿಸಿದ ಕ್ಷಣ "ಸಹಿಯ ನಂತರ ದಸ್ತಾವೇಜು ಬದಲಾಗಿದೆ" ಎಂಬ ಕೆಂಪು ಪಟ್ಟಿಯೂ ಬರುತ್ತದೆ. ಇ-ಸ್ಟ್ಯಾಂಪನ್ನು ಕಚೇರಿಯ ಹುಡುಗನ ಹೆಸರಲ್ಲಿ ತೆಗೆಯುವುದು ಮತ್ತೊಂದು ಮಾಮೂಲು ತಪ್ಪು. ಅದರಲ್ಲಿರಬೇಕಾದ್ದು ಕರಾರಿನ ಪಕ್ಷಗಳ ಹೆಸರು. ಶುಲ್ಕ ಕಟ್ಟದ ಕರಾರು ಅಸಿಂಧುವಲ್ಲ, ಸರಿಪಡಿಸಬಹುದಾದ ದೋಷ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2023ರ ಡಿಸೆಂಬರ್‌ನಲ್ಲಿ ಹೇಳಿದೆ. ಸಮಾಧಾನದ ಮಾತೇ, ಆದರೆ ಸರಿಪಡಿಸುವ ದಂಡ ಕೊರತೆಯ ಹತ್ತು ಪಟ್ಟಿನವರೆಗೂ ಹೋಗಬಹುದು.

ಇನ್ನು ಪಿಡಿಎಫ್. ಹೆಚ್ಚಿನ ಕರಾರುಗಳು ಕೆಡುವುದು ಇಲ್ಲೇ. ಅನುಬಂಧ, ದರಪಟ್ಟಿ, ನಕ್ಷೆ ಎಲ್ಲವನ್ನೂ ಒಂದೇ ಕಡತದಲ್ಲಿ ಹೊಲಿಯಬೇಕು. ಪ್ರತಿ ಪುಟಕ್ಕೂ "12ರಲ್ಲಿ 3" ಎಂಬಂತೆ ಸಂಖ್ಯೆ ಬೇಕು, ಖಾಲಿ ಜಾಗ ಒಂದೂ ಉಳಿಯಬಾರದು. ಕನ್ನಡದ ಕರಾರಾದರೆ ಫಾಂಟನ್ನು ಕಡತದೊಳಗೇ ಅಡಕ ಮಾಡಿ. ಇಲ್ಲದಿದ್ದರೆ ಇನ್ನೊಂದು ಕಂಪ್ಯೂಟರಿನಲ್ಲಿ ಒತ್ತಕ್ಷರಗಳು ಚದುರಿ, ಹಾಳಾದ ಪಠ್ಯಕ್ಕೆ ಸಹಿ ಹಾಕಿದೆ ಎಂಬ ವಾದಕ್ಕೆ ದಾರಿಯಾಗುತ್ತದೆ. ಎಲ್ಲ ಸಹಿದಾರರ ಸಹಿಯ ಚೌಕಗಳನ್ನು ಮೊದಲ ಸಹಿಗೆ ಮುಂಚೆಯೇ ಇಡಬೇಕು. ಸಹಿಯಾದ ಮೇಲೆ ಕಡತದ ಗಾತ್ರ ಇಳಿಸುವುದು, "ಪ್ರಿಂಟ್ ಟು ಪಿಡಿಎಫ್" ಮಾಡುವುದು, ಪುಟ ತಿರುಗಿಸಿ ಉಳಿಸುವುದು, ಪ್ರಿಂಟ್ ತೆಗೆದು ಮತ್ತೆ ಸ್ಕ್ಯಾನ್ ಮಾಡುವುದು, ಯಾವುದೂ ಕೂಡದು. ಇವುಗಳಲ್ಲಿ ಕೆಲವು ಸಹಿಯನ್ನು ಮುರಿಯುತ್ತವೆ. ಉಳಿದವು ಸಹಿಯನ್ನೇ ಅಳಿಸಿ ಅದರ ಚಿತ್ರವನ್ನಷ್ಟೇ ಬಿಡುತ್ತವೆ. ಆ ಚಿತ್ರ ನೋಡಲು ಮಾತ್ರ ಥೇಟ್ ಸಹಿಯಂತೆಯೇ ಇರುತ್ತದೆ!

"ಸಹಿಯ ಮೇಲೆ ಪ್ರಶ್ನಾರ್ಥಕ ಚಿಹ್ನೆ ಬಂದಿದೆ, ಸಹಿ ಸುಳ್ಳೇ?" ಎಂಬ ಗಾಬರಿ ವಾರಕ್ಕೊಮ್ಮೆಯಾದರೂ ಎದುರಾಗುತ್ತದೆ. ಸುಳ್ಳಲ್ಲ. ಆ ಕಂಪ್ಯೂಟರಿನ ಪಿಡಿಎಫ್ ರೀಡರ್‌ಗೆ ಭಾರತದ ಮೂಲ ಪ್ರಮಾಣಪತ್ರದ ಪರಿಚಯವಿಲ್ಲ, ಅಷ್ಟೆ. ಸಹಿಯ ವಿವರ ತೆರೆದು, ಪ್ರಮಾಣಪತ್ರ ಸರಪಳಿಯ ತುದಿಯಲ್ಲಿರುವ ಸಿಸಿಎ (ಪ್ರಮಾಣೀಕರಣ ಸಂಸ್ಥೆಗಳ ಸರ್ಕಾರಿ ನಿಯಂತ್ರಕರು) ಇಂಡಿಯಾ ಮೂಲವನ್ನು ವಿಶ್ವಾಸಾರ್ಹ ಪಟ್ಟಿಗೆ ಒಮ್ಮೆ ಸೇರಿಸಿ ಮತ್ತೆ ಪರಿಶೀಲಿಸಿದರೆ ಹಸಿರು ಗುರುತು ಬರುತ್ತದೆ. ಸೇರಿಸಬೇಕಾದ್ದು ಮೂಲವನ್ನು, ಸಹಿದಾರರ ಪ್ರಮಾಣಪತ್ರವನ್ನಲ್ಲ. ಸಹಿದಾರರದ್ದನ್ನೇ ನಂಬು ಎಂದು ಹೇಳಿಬಿಟ್ಟರೆ ಪರಿಶೀಲನೆಗೆ ಅರ್ಥವೇ ಉಳಿಯುವುದಿಲ್ಲ. ಹಸಿರು ಗುರುತಿಗಿಂತ ಮುಖ್ಯವಾದದ್ದು ಅದೇ ವಿವರದಲ್ಲಿರುವ ಸಮಯದ ಸಾಲು. "ಸಮಯವು ಸಹಿದಾರರ ಕಂಪ್ಯೂಟರಿನ ಗಡಿಯಾರದ್ದು" ಎಂದಿದ್ದರೆ ಅದು ದುರ್ಬಲ, ಗಡಿಯಾರವನ್ನು ಯಾರು ಬೇಕಾದರೂ ಹಿಂದೆ ತಿರುಗಿಸಬಹುದು. ಪರವಾನಗಿ ಪಡೆದ ಪ್ರಮಾಣೀಕರಣ ಸಂಸ್ಥೆಯ ಸಮಯಮುದ್ರೆ ಮತ್ತು ಪ್ರಮಾಣಪತ್ರ ಆಗ ರದ್ದಾಗಿರಲಿಲ್ಲ ಎಂಬ ಮಾಹಿತಿ, ಎರಡನ್ನೂ ಕಡತದೊಳಗೇ ಸೇರಿಸುವ ಸೇವೆಯನ್ನು ಆರಿಸಿಕೊಳ್ಳಿ. 30 ನಿಮಿಷದ ಪ್ರಮಾಣಪತ್ರಕ್ಕಂತೂ ಇದು ಕಡ್ಡಾಯವೆಂದೇ ನಾನು ತಿಳಿಯುತ್ತೇನೆ.

ಸಮಯದ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ. ಬಹಳಷ್ಟು ವೇದಿಕೆಗಳ ಲಾಗ್ (ಯಾರು ಯಾವಾಗ ಏನು ಮಾಡಿದರು ಎಂಬ ದಾಖಲೆ) ಯುಟಿಸಿ ಎಂಬ ಜಾಗತಿಕ ಕಾಲಮಾನದಲ್ಲಿರುತ್ತದೆ, ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ಏಪ್ರಿಲ್ 1ರ ಬೆಳಗಿನ ಜಾವ 2 ಗಂಟೆಗೆ ಹಾಕಿದ ಸಹಿ ಲಾಗ್‌ನಲ್ಲಿ ಮಾರ್ಚ್ 31ರ ರಾತ್ರಿ 8:30 ಆಗಿ, ಹಣಕಾಸು ವರ್ಷವೇ ಬದಲಾಗಿ ಕಾಣುತ್ತದೆ. "ಈ ಕರಾರಿನ ಎಲ್ಲ ಸಮಯವೂ ಭಾರತೀಯ ಕಾಲಮಾನದಲ್ಲಿ" ಎಂದು ಒಂದು ಸಾಲು ಬರೆಯಿರಿ. ಜೊತೆಗೆ ಎರಡೂ ಕಡೆಯ ಅಧಿಕೃತ ಇಮೇಲ್ ವಿಳಾಸಗಳನ್ನೂ, ವಿಳಾಸ ಬದಲಾದರೆ ಹೇಗೆ ತಿಳಿಸಬೇಕು ಎಂಬುದನ್ನೂ ಬರೆಯಿರಿ. ಕೆಲಸ ಬಿಟ್ಟವರ ಇಮೇಲ್‌ಗೆ ಹೋದ ನೋಟಿಸು ತಲುಪಿತೋ ಇಲ್ಲವೋ ಎಂಬ ಜಗಳ ಆಗ ಹುಟ್ಟುವುದೇ ಇಲ್ಲ.

ಕೊನೆಯ ಸಹಿ ಬಿದ್ದ ದಿನವೇ ಕಡತದ ಹ್ಯಾಶ್, ಅಂದರೆ ಅದರ ಬೆರಳಚ್ಚಿನಂಥ ಗುರುತು, ಶಾ256 ವಿಧಾನದಲ್ಲಿ ತೆಗೆಯುತ್ತೇನೆ. ವಿಂಡೋಸ್‌ನ ಸರ್ಟ್‌ಯುಟಿಲ್, ಲಿನಕ್ಸ್‌ನ ಶಾ256ಸಮ್ ಎರಡೂ ಆಯಾ ವ್ಯವಸ್ಥೆಯ ಜೊತೆಗೇ ಬರುತ್ತವೆ. ಸಿಗುವುದು 64 ಅಕ್ಷರ-ಅಂಕಿಗಳ ಒಂದು ಸಾಲು. ಕಡತದ ಹೆಸರು ಬದಲಿಸಿದರೂ ನಕಲು ಮಾಡಿದರೂ ಈ ಸಾಲು ಹಾಗೇ ಇರುತ್ತದೆ, ಒಳಗಿನ ಒಂದು ಅಲ್ಪವಿರಾಮ ಬದಲಾದರೆ ಪೂರ್ತಿ ಬೇರೆಯಾಗುತ್ತದೆ. ಆ ಸಾಲನ್ನು ಕರಾರುಗಳ ರಿಜಿಸ್ಟರಿಗೆ ಹತ್ತಿಸಿ, ಅದೇ ದಿನ ಎದುರು ಪಕ್ಷಕ್ಕೂ ಇಮೇಲ್‌ನಲ್ಲಿ ಕಳಿಸಿದರೆ, ಇಬ್ಬರ ಬಳಿಯೂ ದಿನಾಂಕವಿರುವ ದಾಖಲೆ ಉಳಿಯುತ್ತದೆ. ಹಣ ಖರ್ಚಿಲ್ಲದ ಈ ಐದು ನಿಮಿಷದ ಕೆಲಸಕ್ಕೆ 2024ರ ಜುಲೈ 1ರಿಂದ ಬೆಲೆ ಏರಿದೆ. ಅಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೋರ್ಟಿಗೆ ಕೊಡುವ ಪ್ರಮಾಣಪತ್ರದ ನಮೂನೆಯೊಳಕ್ಕೇ ಹ್ಯಾಶನ್ನು ತಂದಿತು.

ಹಳೆಯ ಸಾಕ್ಷ್ಯ ಕಾಯ್ದೆಯ ಸೆಕ್ಷನ್ 65ಬಿ ಜಾಗಕ್ಕೆ ಬಂದದ್ದು ಹೊಸದರ ಸೆಕ್ಷನ್ 63. ಪ್ರಮಾಣಪತ್ರವಿಲ್ಲದ ಎಲೆಕ್ಟ್ರಾನಿಕ್ ನಕಲು ಸಾಕ್ಷ್ಯವಾಗದು ಎಂದು ಅನ್ವರ್ ಪಿ.ವಿ. ಪ್ರಕರಣದಲ್ಲಿ (2014) ಸುಪ್ರೀಂ ಕೋರ್ಟ್ ಹೇಳಿತ್ತು, 2020ರ ಅರ್ಜುನ್ ಪಂಡಿತರಾವ್ ತೀರ್ಪು ಅದನ್ನೇ ಗಟ್ಟಿ ಮಾಡಿತು. ಈಗ ನಮೂನೆಗೆ ಎರಡು ಭಾಗ: ಭಾಗ ಎ ದಾಖಲೆ ಹಾಜರುಪಡಿಸುವ ಪಕ್ಷದ್ದು, ಭಾಗ ಬಿ ಪರಿಣತರದ್ದು. ಸಾಧನದ ತಯಾರಕರು, ಮಾದರಿ, ಬಣ್ಣ, ಕ್ರಮಸಂಖ್ಯೆ, ಐಎಂಇಐಯಂಥ ಗುರುತು, ಹ್ಯಾಶ್ ಮೌಲ್ಯ, ಯಾವ ವಿಧಾನದ ಹ್ಯಾಶ್, ಎಲ್ಲವನ್ನೂ ತುಂಬಬೇಕು. ನಮೂನೆಯಲ್ಲಿ ಎಂಡಿ5, ಶಾ1 ಕೂಡ ಇವೆ. ಎರಡು ಬೇರೆ ಕಡತಗಳಿಗೆ ಒಂದೇ ಹ್ಯಾಶ್ ಬರುವಂತೆ ಮಾಡಬಹುದೆಂದು ಇವೆರಡರಲ್ಲೂ ತೋರಿಸಿಯಾಗಿದೆ, ಆದ್ದರಿಂದ ಶಾ256 ಚೌಕಕ್ಕೇ ಗುರುತು ಹಾಕಿ.

ಇಲ್ಲಿ ಎಡವುವುದು ಹೀಗೆ. ಕರಾರು ಮಾಡಿದ ಲ್ಯಾಪ್‌ಟಾಪ್ ಮಾರಾಟವಾಗಿರುತ್ತದೆ, ಕ್ರಮಸಂಖ್ಯೆ ಬರೆದಿಟ್ಟಿರುವುದಿಲ್ಲ. ವಾಟ್ಸ್ಆ್ಯಪ್ ಸಂಭಾಷಣೆ ನಡೆದ ಫೋನ್ ಫಾರ್ಮ್ಯಾಟ್ ಆಗಿ, ಸ್ಕ್ರೀನ್‌ಶಾಟ್ ಮಾತ್ರ ಉಳಿದಿರುತ್ತದೆ. ಅಥವಾ ವಕೀಲರ ಕಚೇರಿಯಲ್ಲಿ ಯಾರೋ ಕಡತದ ಗಾತ್ರ ಇಳಿಸಿರುತ್ತಾರೆ, ಎರಡು ಭಾಗಗಳ ಹ್ಯಾಶ್ ತಾಳೆಯಾಗುವುದಿಲ್ಲ. ಅದಕ್ಕೇ ನನ್ನ ರಿಜಿಸ್ಟರಿನಲ್ಲಿ ಕರಾರಿನ ಸಂಖ್ಯೆ, ಹ್ಯಾಶ್, ಇ-ಸ್ಟ್ಯಾಂಪ್ ಸಂಖ್ಯೆಗಳ ಪಕ್ಕದಲ್ಲೇ ಸಾಧನದ ಕ್ರಮಸಂಖ್ಯೆಗೂ ಅದರ ಉಸ್ತುವಾರಿಯ ಹುದ್ದೆಗೂ ಕಾಲಂ ಇದೆ. ಕೋರ್ಟಿಗೆ ಹೋಗುವ ಪ್ರತಿ ಪೆನ್‌ಡ್ರೈವ್ ಕೈಬಿಡುವ ಮುನ್ನ ಹ್ಯಾಶ್ ಮತ್ತೊಮ್ಮೆ ತಾಳೆ ನೋಡಬೇಕು.

ಕಡತದ ಜೊತೆ ಏನೇನು ಇಡಬೇಕು? ಸಹಿಯಾದ ಪಿಡಿಎಫ್, ವೇದಿಕೆ ಕೊಡುವ ಸಹಿ ಪ್ರಕ್ರಿಯೆಯ ವರದಿ, ಅಧಿಕಾರ ಪತ್ರ, ಮಾತುಕತೆಯ ಇಮೇಲ್‌ಗಳು. ಇಮೇಲನ್ನು ಪ್ರಿಂಟ್ ತೆಗೆದೋ ಫಾರ್ವರ್ಡ್ ಮಾಡಿಯೋ ಇಟ್ಟರೆ ಮೂಲ ಶಿರೋಭಾಗ (ಎಲ್ಲಿಂದ, ಯಾವಾಗ ಬಂತು ಎಂಬ ವಿವರ) ಕಳೆದುಹೋಗುತ್ತದೆ, ಇಎಂಎಲ್ ಕಡತವಾಗಿಯೇ ಇಳಿಸಿಕೊಳ್ಳಿ. ವೇದಿಕೆಯ ವರದಿಯನ್ನೂ ಅದೇ ದಿನ ಇಳಿಸಿಕೊಳ್ಳಿ, ಚಂದಾ ನಿಂತರೆ ಅದೂ ಕೈತಪ್ಪಬಹುದು. ಲಾಗ್‌ಗಳನ್ನು 180 ದಿನ ಇಡಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಹೇಳಿದೆ. ಅದು ಸೈಬರ್ ಭದ್ರತೆಯ ಲೆಕ್ಕ. ಕರಾರಿನ ದಾವೆಗೆ ಕಾಲಮಿತಿ ಮೂರು ವರ್ಷ, ಕಂಪನಿಯ ಲೆಕ್ಕಪುಸ್ತಕಕ್ಕೆ ಎಂಟು ವರ್ಷ, ಜಿಎಸ್‌ಟಿ ದಾಖಲೆಗೆ ವಾರ್ಷಿಕ ರಿಟರ್ನ್‌ನ ಕಡೇ ದಿನದಿಂದ 72 ತಿಂಗಳು. ಸರ್ವರ್ ನೋಡಿಕೊಳ್ಳುವವರು 180ನೇ ದಿನಕ್ಕೆ ನಿಷ್ಠೆಯಿಂದ ಅಳಿಸಿದ ಲಾಗ್‌ನಲ್ಲೇ ನಿಮ್ಮ ಪುರಾವೆ ಇದ್ದೀತು. ಆದ್ದರಿಂದ ಸಹಿಗೆ ಸಂಬಂಧಪಟ್ಟ ಲಾಗ್‌ಗಳನ್ನು ಬೇರೆ ತೆಗೆದು ಕರಾರಿನ ಆಯುಷ್ಯ ಮುಗಿದ ಮೇಲೂ ಎಂಟು ವರ್ಷ ಇಡುತ್ತೇನೆ. ಲೆಕ್ಕದ ತಂತ್ರಾಂಶದಲ್ಲಿ ತಿದ್ದುಪಡಿಯ ಜಾಡು ಉಳಿಯಲೇಬೇಕೆಂಬ ನಿಯಮ ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದ ಇದೆ. ಆ ಜಾಡನ್ನು ಆಫ್ ಮಾಡಿಟ್ಟಿದ್ದರೆ ಇನ್‌ವಾಯ್ಸ್‌ಗಳ ಕಡೆಯ ಪುರಾವೆಯೂ ಸೊರಗುತ್ತದೆ.

ಇದಕ್ಕೆ ಎದುರು ದಿಕ್ಕಿನಿಂದ ಎಳೆಯುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಉದ್ದೇಶ ತೀರಿದ ಮೇಲೆ, ಬೇರೆ ಕಾನೂನು ಇಡು ಎನ್ನದಿದ್ದರೆ, ವೈಯಕ್ತಿಕ ಮಾಹಿತಿಯನ್ನು ಅಳಿಸಬೇಕು ಎನ್ನುತ್ತದೆ ಅದು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಯಾಗುತ್ತಿವೆ. ಹಾಗಾಗಿ ಕರಾರಿನ ಕಡತಕ್ಕೆ ಆಧಾರ್ ಕಾರ್ಡಿನ ಜೆರಾಕ್ಸ್ ಹಾಕುವ ಹಳೇ ಚಾಳಿಯನ್ನು ಬಿಡಬೇಕು. ಇ-ಸೈನ್ ಆದ ಮೇಲೆ ಆ ನಕಲಿನಿಂದ ಯಾವ ಉಪಯೋಗವೂ ಇಲ್ಲ. ರಿಜಿಸ್ಟರಿನ ಕೊನೆಯ ಕಾಲಂ "ಅಳಿಸಬೇಕಾದ ದಿನಾಂಕ". ಅದನ್ನು ಕರಾರು ಮುಗಿದ ಮೇಲೆ ಯೋಚಿಸೋಣ ಎಂದು ಬಿಡದೆ, ಸಹಿಯ ದಿನವೇ ತುಂಬುತ್ತೇನೆ.