ಬ್ರೇಕ್ ತುಳಿದರೆ ಇಂಡಿಕೇಟರ್ ಹತ್ತಿತು

ಹೋದ ಕಬ್ಬಿನ ಸೀಸನ್‌ನಲ್ಲಿ ಒಂದು ರಾತ್ರಿ ಪಾಂಡವಪುರದ ಕಡೆ ಲೋಡ್ ತೆಗೆದುಕೊಂಡು ಹೋಗುತ್ತಿದ್ದೆ. ಹಿಂದಿನಿಂದ ಬಂದ ಬೈಕಿನವನು ಟ್ರೈಲರ್‌ಗೆ ಮಾರುದ್ದ ಇರುವಾಗ ಬ್ರೇಕ್ ಹಾಕಿ, ಪಕ್ಕದ ಮಣ್ಣಿಗೆ ಇಳಿದು ನಿಂತ. "ಹಿಂದೆ ಒಂದು ಲೈಟಾದ್ರೂ ಬೇಡ್ವಾ ಯಜಮಾನ್ರೇ?" ಅಂದ. ನಾನು ಏನೂ ಹೇಳಲಿಲ್ಲ. ಹೇಳೋಕೆ ಏನಿತ್ತು?

ನನ್ನದು ಇಪ್ಪತ್ತು ವರ್ಷಕ್ಕೂ ಹಳೆಯ ಟ್ರ್ಯಾಕ್ಟರ್. ವೈರಿಂಗ್ ಅರ್ಧ ಇಲಿ ತಿಂದಿತ್ತು, ಉಳಿದರ್ಧ ನಾನೇ ಕೆಡಿಸಿದ್ದೆ. ಟ್ರೈಲರ್ ಲೈಟಿಗೆ ಕರೆಂಟ್ ಕೊಡುವ, ಟ್ರ್ಯಾಕ್ಟರ್ ಹಿಂದಿನ 7 ಪಿನ್ ಸಾಕೆಟ್ ತೆಗೆದು ಹೊಸದು ಹಾಕಿದೆ. ಪ್ರತಿ ಪಿನ್ ಪಕ್ಕದಲ್ಲೂ ನಂಬರ್ ಇರುತ್ತದೆ: 1 ಎಡ ಇಂಡಿಕೇಟರ್, 3 ಅರ್ತ್ (ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ), 4 ಬಲ ಇಂಡಿಕೇಟರ್, 5 ಬಲ ಟೇಲ್ ಲೈಟ್, 6 ಬ್ರೇಕ್, 7 ಎಡ ಟೇಲ್. 2 ನನಗೆ ಬೇಕಾಗಲಿಲ್ಲ. ವೈರಿನ ಬಣ್ಣ ನಂಬಬೇಡಿ. ಅಂಗಡಿಯಲ್ಲಿ ಸಿಕ್ಕ ಬಣ್ಣ ನಾವು ತಂದಿರುತ್ತೇವೆ, ಅಲ್ವಾ? ನಂಬರ್ ನೋಡಿಯೇ ಕಟ್ಟಿ. ಸಾಕೆಟ್ಟನ್ನು ಹಿಂಬದಿಯಿಂದ ನೋಡಿದರೆ ಎಡ ಬಲ ಅದಲುಬದಲಾಗಿ ಕಾಣುತ್ತದೆ. ನಾನೂ ಒಂದು ಸಲ ತಪ್ಪಿದೆ.

ಎಲ್ಲ ಕಟ್ಟಿ ಮಗನನ್ನು ಸೀಟಿನಲ್ಲಿ ಕೂರಿಸಿ, ನಾನು ಹಿಂದೆ ನಿಂತೆ. "ಬ್ರೇಕ್ ತುಳಿಯಪ್ಪ" ಅಂದೆ. ಬ್ರೇಕ್ ಲೈಟ್ ಸರಿಯಾಗಿ ಹತ್ತಲಿಲ್ಲ, ಎರಡೂ ಇಂಡಿಕೇಟರ್ ಮಂಕಾಗಿ ಹತ್ತಿದವು! ಬಲ್ಬ್ ಬದಲಾಯಿಸಿದೆ, ಹೋಲ್ಡರ್ ಬಿಚ್ಚಿದೆ, ವೈರ್ ಎಲ್ಲಿ ತಾಗುತ್ತಿದೆ ಅಂತ ಹುಡುಕಿದೆ. ಅರ್ಧ ದಿನ ಸುಮ್ನೆ ಹೋಯಿತು.

ತಪ್ಪು ಅರ್ತಿನಲ್ಲಿತ್ತು. "ಟ್ರೈಲರ್ ಬಾಡಿನೇ ಅರ್ತ್ ಆಗುತ್ತೆ, ಬೇರೆ ವೈರ್ ಯಾಕೆ ಅಣ್ಣ?" ಅಂತ ಪರಿಚಯದ ಎಲೆಕ್ಟ್ರಿಷಿಯನ್ ಹೇಳಿದ್ದ. ನಾನೂ 3ನೇ ಪಿನ್ ಖಾಲಿ ಬಿಟ್ಟಿದ್ದೆ. ಆದರೆ ಟ್ರೈಲರ್ ಟ್ರ್ಯಾಕ್ಟರಿಗೆ ತಾಗುವುದು ಎಳೆಯುವ ಕೊಂಡಿಯ ಒಂದು ಪಿನ್ನಿನಲ್ಲಿ ಮಾತ್ರ. ಅದಕ್ಕೆ ಗ್ರೀಸು, ತುಕ್ಕು, ಮಣ್ಣು. ಗುಂಡಿಗೆ ಇಳಿದರೆ ಅದೂ ಎಗರುತ್ತದೆ. ಬ್ರೇಕ್ ಬಲ್ಬಿಗೆ ಬಂದ ಕರೆಂಟಿಗೆ ವಾಪಸ್ ಹೋಗಲು ದಾರಿ ಇಲ್ಲ. ಅದು ಪಕ್ಕದ ಇಂಡಿಕೇಟರ್ ಬಲ್ಬಿನೊಳಗೆ ನುಗ್ಗಿ, ಅದರ ವೈರ್ ಹಿಡಿದು, ಟ್ರ್ಯಾಕ್ಟರಿನ ಇಂಡಿಕೇಟರ್ ಬಲ್ಬ್ ಮೂಲಕ ಬ್ಯಾಟರಿ ಸೇರುತ್ತದೆ. ದಾರಿಯುದ್ದಕ್ಕೂ ಎಲ್ಲವನ್ನೂ ಅರ್ಧಂಬರ್ಧ ಹತ್ತಿಸುತ್ತದೆ.

ಖಾತ್ರಿ ಮಾಡಿಕೊಳ್ಳೋದು ಸುಲಭ. ಉದ್ದದ ಒಂದು ವೈರನ್ನು ಬ್ಯಾಟರಿಯ ನೆಗೆಟಿವ್‌ನಿಂದ ಲೈಟಿನ ಕಬ್ಬಿಣದ ಡಬ್ಬಿಗೆ ಮುಟ್ಟಿಸಿದೆ. ತಕ್ಷಣ ಎಲ್ಲ ಸರಿಯಾಯಿತು.

ಆಮೇಲೆ ಬ್ಯಾಟರಿ ನೆಗೆಟಿವ್‌ನಿಂದ 3ನೇ ಪಿನ್ನಿಗೆ, ಅಲ್ಲಿಂದ ಎರಡೂ ಲೈಟಿನ ಡಬ್ಬಿಗೆ 2.5 ಸ್ಕ್ವೇರ್ ಎಂಎಂ ವೈರ್ ಎಳೆದೆ. ಉಳಿದದ್ದಕ್ಕೆ 1.5 ಸಾಕು. ಅರ್ತ್ ಯಾಕೆ ದಪ್ಪ ಅಂದರೆ, ಎಲ್ಲ ಬಲ್ಬಿನ ಕರೆಂಟೂ ಅದರಲ್ಲೇ ವಾಪಸ್ ಬರಬೇಕು. 21 ವ್ಯಾಟ್‌ನ ಬ್ರೇಕ್ ಬಲ್ಬ್ ಎರಡು, ಅಷ್ಟೇ ವ್ಯಾಟ್‌ನ ಇಂಡಿಕೇಟರ್ ಒಂದು, 5 ವ್ಯಾಟ್‌ನ ಟೇಲ್ ಎರಡು ಸೇರಿದರೆ 73 ವ್ಯಾಟ್. 12 ವೋಲ್ಟಿಗೆ ಸುಮಾರು 6 ಆಂಪಿಯರ್. ಡಬ್ಬಿಗೆ ಬೋಲ್ಟ್ ಹಾಕುವ ಜಾಗದ ಪೇಂಟನ್ನು ಉಪ್ಪುಕಾಗದದಲ್ಲಿ ಉಜ್ಜಿ, ವೈರ್ ತುದಿಯ ಲಗ್ (ಲೋಹದ ಬಳೆ) ಬಿಗಿದು, ಮೇಲೆ ಗ್ರೀಸ್ ಹಚ್ಚಿದೆ.

ಇಂಡಿಕೇಟರ್ ಮಾತ್ರ ಪಟಪಟ ಅಂತ ಜೋರಾಗಿ ಬಡಿದುಕೊಳ್ಳುತ್ತಿತ್ತು. ಇಂಡಿಕೇಟರ್ ಮಿಟುಕಿಸುವ ಹಳೆಯ ಡಬ್ಬಿ ಫ್ಲಾಶರ್ ಬಿಸಿಯಾಗಿ ಕೆಲಸ ಮಾಡುವಂಥದ್ದು, ಬಲ್ಬ್ ಜಾಸ್ತಿಯಾದರೆ ಬೇಗ ಬಿಸಿಯಾಗುತ್ತದೆ. ಟ್ರೈಲರ್ ಬಲ್ಬೂ ಸೇರಿಸಿ ತಡೆಯುವ ಎಲೆಕ್ಟ್ರಾನಿಕ್ ಫ್ಲಾಶರ್ ಹಾಕಿದೆ, ಮುಗಿಯಿತು.

ಮೊದಲ ಲೋಡಿನ ದಿನವೇ ಇನ್ನೊಂದು ಫಜೀತಿ. ಹಿಂದಕ್ಕೆ ಚಾಚಿದ ಕಬ್ಬು ಜೋತುಬಿದ್ದು ಲೈಟನ್ನೇ ಮುಚ್ಚಿತು. ಲೈಟುಗಳನ್ನು ಚಾಸಿಯ ಕೆಳಗಂಚಿಗೆ ಇಳಿಸಿ, ಕಬ್ಬಿಣದ ಜಾಲರಿ ಹೊಡೆಸಿದೆ. ಆದರೂ ಲೋಡ್ ಆದಮೇಲೆ ಕುಡುಗೋಲು ಹಿಡಿದು ಹಿಂದೆ ಒಂದು ಸುತ್ತು ಹಾಕಿ, ಜೋತಾಡುವ ಸೋಗೆ ಕತ್ತರಿಸಿಯೇ ಹೊರಡುತ್ತೇನೆ.